ಗೇಟಿಗೆ ಬ್ಯಾಂಕಿನ ನೋಟಿಸ್ ಅಂಟಿದಾಗ: ಮಾಲೀಕರು, ಭೋಗ್ಯದವರು ಮತ್ತು ನೆರೆಯವರು ಮಾಡಬೇಕಾದುದು

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ 20x30 ಅಡಿಯ ನಿವೇಶನದ ಮೇಲೆ ಮೂರು ಅಂತಸ್ತು ಕಟ್ಟಿದ ಮನೆಗಳು ಸಾಲುಸಾಲಾಗಿವೆ. ನೆಲಮಹಡಿಯಲ್ಲಿ ಮಾಲೀಕರಿರುತ್ತಾರೆ, ಮೇಲಿನ ಎರಡು ಮಹಡಿಗಳಲ್ಲಿ ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆಯ ಬದಲು ಇಡಿಗಂಟು ಕೊಟ್ಟು ಬಂದ ಎರಡು ಸಂಸಾರಗಳಿರುತ್ತವೆ. ಇಂಥ ಮನೆಯ ಗೇಟಿಗೆ ಬ್ಯಾಂಕಿನ ಸ್ವಾಧೀನ ನೋಟಿಸ್ ಅಂಟಿದಾಗ ಅದರಲ್ಲಿ ಮಾಲೀಕರ ಹೆಸರು ಮಾತ್ರ ಇರುತ್ತದೆ. ಮನೆ ಕಳೆದುಕೊಳ್ಳುವವರು ಮಾತ್ರ ಮೂರೂ ಸಂಸಾರದವರು. ಆದ್ದರಿಂದ ಜಪ್ತಿಯನ್ನು ಸಾಲಗಾರ ಮತ್ತು ಬ್ಯಾಂಕಿನ ನಡುವಿನ ವ್ಯವಹಾರವೆಂದು ಬಿಟ್ಟುಬಿಡುವುದು ತಪ್ಪು. ಕೆಳಗಿನ ಸೂಚನೆಗಳು ಮೂರೂ ಪಕ್ಷದವರಿಗಾಗಿ ಇವೆ.

ಮೊದಲು ಇಂಥ ಮನೆಯ ಸಾಲ ಹೇಗೆ ಸುಸ್ತಿಗೆ, ಅಂದರೆ ಕಂತು ಕಟ್ಟಲಾಗದ ಸ್ಥಿತಿಗೆ, ಬೀಳುತ್ತದೆ ಎಂಬುದನ್ನು ತಿಳಿಯಬೇಕು. ಬ್ಯಾಂಕು ಕೊಟ್ಟ ಸಾಲ ಮೋಲ್ಡ್ ಹಾಕುವಷ್ಟರಲ್ಲಿ ಮುಗಿಯುತ್ತದೆ. ಗಾರೆ, ನೆಲಹಾಸು, ವೈರಿಂಗ್ ಮುಗಿಸಲು ಮಾಲೀಕರು ಮೇಲಿನ ಮಹಡಿಗಳನ್ನು ಉದಾಹರಣೆಗೆ ತಲಾ ಎಂಟು ಲಕ್ಷಕ್ಕೆ ಭೋಗ್ಯಕ್ಕೆ ಕೊಡುತ್ತಾರೆ, ಆ ಹಣವೂ ಗೋಡೆಯೊಳಗೆ ಹೋಗುತ್ತದೆ. ತಿಂಗಳ ಬಾಡಿಗೆಯಾಗಿ ಬಂದಿದ್ದರೆ ಸಾಲದ ಕಂತಿಗೆ ಆಸರೆಯಾಗಬಹುದಾಗಿದ್ದ ಹಣ ಒಂದೇ ಬಾರಿಗೆ ಖರ್ಚಾಗಿ ಹೋದಮೇಲೆ, ಕಂತು ಕಟ್ಟಲು ಉಳಿಯುವುದು ಮಾಲೀಕರ ಸಂಬಳವೊಂದೇ. ಕೆಲಸ ಹೋದರೆ ಅಥವಾ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮೂರು ತಿಂಗಳಲ್ಲಿ ಲೆಕ್ಕ ತಪ್ಪುತ್ತದೆ. ತಿಂಗಳ ಬಾಡಿಗೆ ಕಟ್ಟಲಾಗದ ಕುಟುಂಬಗಳಿಗೆ ನಗರದಲ್ಲಿ ಕೈಗೆಟುಕುವ ವಸತಿಯಾಗಿರುವ ಭೋಗ್ಯವೇ ಆ ಮನೆಯನ್ನು ಸುಸ್ತಿಯ ಅಂಚಿಗೆ ತಳ್ಳುವ ಕಾರಣವೂ ಆಗಿರುತ್ತದೆ.

ಪದದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಬ್ಯಾಂಕುಗಳ ಕೌಂಟರಿನಲ್ಲಿ ‘ಫೋರ್‌ಕ್ಲೋಷರ್’ ಎಂದರೆ ಸಾಲವನ್ನು ಅವಧಿಗೆ ಮುನ್ನವೇ ತೀರಿಸುವುದು ಎಂದರ್ಥ. ಮನೆ ಜಪ್ತಿಯ ವಿಷಯ ಕೇಳಬೇಕಾದರೆ ‘ಸರ್ಫೇಸಿ ನೋಟಿಸ್’ ಎಂದೇ ಕೇಳಿ. 2002ರ ಸರ್ಫೇಸಿ ಕಾಯಿದೆಯ ಪ್ರಕಾರ ಬ್ಯಾಂಕು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಮನೆಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ಕೃಷಿ ಜಮೀನಿಗೆ ಮತ್ತು ಒಂದು ಲಕ್ಷ ರೂಪಾಯಿ ಮೀರದ ಸಾಲಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ.

ಮಾಲೀಕರು ದಿನ ಎಣಿಸಬೇಕು

ಕಂತು ಬಾಕಿ ಉಳಿದು 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಅಲ್ಲಿಯವರೆಗಿನ ಮೂರು ತಿಂಗಳೇ ಬ್ಯಾಂಕಿನೊಂದಿಗೆ ಮಾತಾಡಲು ಅತ್ಯಂತ ಒಳ್ಳೆಯ ಕಾಲ, ಆದರೆ ಬಹುಪಾಲು ಜನ ಫೋನ್ ಎತ್ತದೆ ಕಳೆಯುವುದೂ ಇದೇ ಕಾಲವನ್ನು. ಶಾಖೆಗೆ ಹೋಗಿ, ಸಂಬಳ ನಿಂತ ಪತ್ರ ಅಥವಾ ಆಸ್ಪತ್ರೆಯ ಬಿಲ್ ಲಗತ್ತಿಸಿ, ಸಾಲದ ಅವಧಿ ವಿಸ್ತರಿಸಿ ಕಂತು ಇಳಿಸುವಂತೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಬಾಯಿಮಾತಿನ ಭರವಸೆಗೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ.

ಎನ್‌ಪಿಎ ಆದಮೇಲೆ ಬರುವುದು 13(2)ನೇ ಕಲಮಿನ ಬೇಡಿಕೆ ನೋಟಿಸ್. ಪೂರ್ತಿ ಬಾಕಿ ಕಟ್ಟಲು ಇದು 60 ದಿನಗಳ ಗಡುವು ಕೊಡುತ್ತದೆ. ಈ ನೋಟಿಸ್ಸಿಗೆ ನೀವು ಆಕ್ಷೇಪಣೆ ಬರೆದರೆ, ಅದನ್ನು ಒಪ್ಪದಿದ್ದ ಪಕ್ಷದಲ್ಲಿ ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರಿಸಲೇಬೇಕು. ಆದ್ದರಿಂದ ಆಕ್ಷೇಪಣೆಯಲ್ಲಿ ಗೋಳು ತೋಡಿಕೊಳ್ಳುವುದಕ್ಕಿಂತ ಲೆಕ್ಕ ಕೇಳುವುದು ಉತ್ತಮ. ಪತ್ರ ಹೀಗಿದ್ದರೆ ಸಾಕು: “ತಾವು ಕಳುಹಿಸಿದ ಬೇಡಿಕೆ ನೋಟಿಸ್ಸಿನಲ್ಲಿ ತೋರಿಸಿರುವ ಮೊತ್ತಕ್ಕೆ ಅಸಲು, ಬಡ್ಡಿ ಮತ್ತು ದಂಡ ಶುಲ್ಕಗಳ ಪ್ರತ್ಯೇಕ ವಿವರ ನೀಡಬೇಕು. ಲಗತ್ತಿಸಿದ ರಸೀದಿಗಳಲ್ಲಿರುವ ಪಾವತಿ ಖಾತೆಗೆ ಜಮೆಯಾಗಿಲ್ಲ. ಬಾಕಿ ಕಂತುಗಳನ್ನು ಇಂತಿಷ್ಟು ತಿಂಗಳಲ್ಲಿ ತೀರಿಸಲು ಸಿದ್ಧನಿದ್ದೇನೆ.” ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಬೆಳೆಸಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರಿಂದ ಜಾರಿಯಲ್ಲಿದೆ; ಸ್ಟೇಟ್‌ಮೆಂಟಿನಲ್ಲಿ ಅದನ್ನು ಸಾಲುಸಾಲಾಗಿ ಪರೀಕ್ಷಿಸಬೇಕು. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಕರೆ ಮಾಡುವಂತಿಲ್ಲ.

ಅರವತ್ತು ದಿನ ಕಳೆದಮೇಲೆ ಬ್ಯಾಂಕು ಸ್ವಾಧೀನ ನೋಟಿಸನ್ನು ಮನೆಗೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದ್ದು, ಪ್ರಕಟಿಸುತ್ತದೆ. ಇದು ಸಾಮಾನ್ಯವಾಗಿ ಸಾಂಕೇತಿಕ ಸ್ವಾಧೀನ ಮಾತ್ರ. ಅಂದೇ ಯಾರೂ ಮನೆ ಬಿಡಬೇಕಾಗಿಲ್ಲ. ನಿಜವಾಗಿ ಬೀಗ ಹಾಕಲು, ಒಳಗಿರುವವರು ಬಿಟ್ಟುಕೊಡದಿದ್ದರೆ, ಬ್ಯಾಂಕು 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಆದೇಶ ತರುತ್ತದೆ. ಆದರೆ ನಿಮ್ಮ ಗಡಿಯಾರ ನಡೆಯತೊಡಗುವುದು ಸಾಂಕೇತಿಕ ಸ್ವಾಧೀನದಿಂದಲೇ: ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಿ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಲು ಇರುವುದು 45 ದಿನ. ಸಿವಿಲ್ ನ್ಯಾಯಾಲಯಕ್ಕೆ ಹೋದರೆ ಸಾಮಾನ್ಯವಾಗಿ ಹಿಂದಿರುಗಿಸುತ್ತಾರೆ, ಅಷ್ಟರಲ್ಲಿ ಈ ದಿನಗಳು ತೀರಿರುತ್ತವೆ. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯದ ಮಿತಿಯಿಲ್ಲದೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100.

ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಯಾವಾಗ ಕೊನೆಯಾಗುತ್ತದೆ ಎಂಬುದರಲ್ಲಿ ಹಲವರು ಮೋಸ ಹೋಗುತ್ತಾರೆ. ಹರಾಜಿನ ದಿನದವರೆಗೂ ಹಣ ಕಟ್ಟಬಹುದೆಂಬ ನಂಬಿಕೆ ಹಳೆಯದು. 2016ರ ತಿದ್ದುಪಡಿಯ ನಂತರ ಈ ಹಕ್ಕು ಹರಾಜು ನೋಟಿಸ್ ಪ್ರಕಟವಾಗುವವರೆಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ ‘ಒನ್ ಟೈಮ್ ಸೆಟ್ಲ್‌ಮೆಂಟ್’ ಕೇಳುವುದು ಸಾಲಗಾರನ ಹಕ್ಕಲ್ಲ, ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ.

ಹೀಗಾಗಿ, ಕಂತು ಇನ್ನು ಕಟ್ಟಲಾಗದು ಎಂದು ಖಚಿತವಾದ ದಿನವೇ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಮಾಲೀಕರೇ ಮನೆ ಮಾರುವುದು ಎಲ್ಲಕ್ಕಿಂತ ಲೇಸು ಎಂಬುದು ನನ್ನ ಅಭಿಪ್ರಾಯ. ಹರಾಜು ಪ್ರಕಟಣೆಯಲ್ಲಿ ‘ಎಲ್ಲಿದೆಯೋ ಹೇಗಿದೆಯೋ ಹಾಗೆಯೇ’ ಎಂಬ ಷರತ್ತಿನಡಿ ಮಾರುವ ಮನೆಗೆ, ಒಳಗೆ ಯಾರಿದ್ದಾರೋ ಏನು ತಕರಾರಿದೆಯೋ ಎಂಬ ಅಳುಕಿನಿಂದ ಕೊಳ್ಳುವವರು ಕಡಿಮೆ ಕೂಗುತ್ತಾರೆ. ಆ ಕಡಿಮೆ ಬೆಲೆ ನಿಮ್ಮ ಮನೆಗಷ್ಟೇ ನಿಲ್ಲುವುದಿಲ್ಲ. ಅದೇ ಅಡ್ಡರಸ್ತೆಯಲ್ಲಿ ಮುಂದೆ ಮನೆ ಮಾರುವವರಿಗೆ ದಲ್ಲಾಳಿ ಮೊದಲು ಹೇಳುವುದು ಹರಾಜಿನ ಮೊತ್ತವನ್ನೇ. ಹರಾಜಿನಲ್ಲಿ ಬಾಕಿ ಮತ್ತು ಖರ್ಚು ಕಳೆದು ಹಣ ಉಳಿದರೆ ಅದು ಸಾಲಗಾರರಿಗೇ ಸೇರಬೇಕು. ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಭೋಗ್ಯಕ್ಕೆ ಇರುವವರು

ಈ ವ್ಯವಹಾರದಲ್ಲಿ ಅತ್ಯಂತ ದುರ್ಬಲರು ಇವರೇ, ಮತ್ತು ಇವರಿಗೆ ಸುದ್ದಿ ಮುಟ್ಟುವುದೂ ಎಲ್ಲರಿಗಿಂತ ಕೊನೆಯಲ್ಲಿ. ಬೇಡಿಕೆ ನೋಟಿಸ್ ಮಾಲೀಕರ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತದೆ; ಮೇಲಿನ ಮಹಡಿಯವರು ಗೇಟಿಗೆ ಅಂಟಿದ ಕಾಗದ ನೋಡಿದಾಗಲೇ ಎಚ್ಚರಗೊಳ್ಳುತ್ತಾರೆ. ಆದ್ದರಿಂದ ಇವರ ರಕ್ಷಣೆ ಹಣ ಕೊಡುವ ಮೊದಲೇ ಶುರುವಾಗಬೇಕು.

ಮಾಲೀಕರ ಬಳಿ ಮೂಲ ಕ್ರಯಪತ್ರ ತೋರಿಸಲು ಕೇಳಿ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲಪತ್ರ ಬ್ಯಾಂಕಿನಲ್ಲಿದೆ ಎಂದೇ ತಿಳಿಯಿರಿ. ಕಾವೇರಿ ಆನ್‌ಲೈನಿನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇ.ಸಿ. ತೆಗೆಸಿ, ಚಕ್ಕುಬಂದಿ ಮತ್ತು ಖಾತೆ ಸಂಖ್ಯೆ ತಾಳೆ ನೋಡಿ. ಹಕ್ಕುಪತ್ರಗಳನ್ನು ಠೇವಣಿ ಇಟ್ಟು ಪಡೆದ ಸಾಲ ಇ.ಸಿ.ಯಲ್ಲಿ ಕಾಣದೆಯೂ ಇರಬಹುದಾದ್ದರಿಂದ, ಅಡಮಾನಗಳ ಕೇಂದ್ರ ನೋಂದಣಿಯಾದ ಸರ್ಸೈ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕುವುದು ಒಳ್ಳೆಯದು. ಲಕ್ಷಾಂತರ ಹಣ ಕೈ ಬದಲಿಸುವಾಗ ಈ ಖರ್ಚಿಗೆ ಯೋಚಿಸುವುದು ಎಂಥ ಉಳಿತಾಯವೋ ತಿಳಿಯದು.

ಸಾಲವಿರುವ ಮನೆಯೇ ಆದರೆ ಕಾನೂನು ನಿಮ್ಮ ಕಡೆ ಹೆಚ್ಚು ವಾಲುವುದಿಲ್ಲ. ಅಡಮಾನದ ಆಸ್ತಿಯನ್ನು ಮಾಲೀಕರು ಬಾಡಿಗೆಗೆ ಕೊಡಬಹುದಾದರೂ ಮುಂಗಡವಾಗಿ ಇಡಿಗಂಟು ಅಥವಾ ಬಾಡಿಗೆ ಪಡೆಯುವಂತಿಲ್ಲ ಮತ್ತು ಕಟ್ಟಡವಾದರೆ ಅವಧಿ ಮೂರು ವರ್ಷ ಮೀರುವಂತಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯಿದೆಯ 65-ಎ ಕಲಮು ಹೇಳುತ್ತದೆ. ಭೋಗ್ಯದ ಜೀವಾಳವೇ ಇಡಿಗಂಟು. ಜೊತೆಗೆ ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಿರಬೇಕು. ನಮ್ಮಲ್ಲಿ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿ ಮುಗಿಸುವ ರೂಢಿ ಇದೆ. ಇನ್ನು 13(2) ನೋಟಿಸ್ ಬಂದ ನಂತರ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕರು ಮನೆಯನ್ನು ಭೋಗ್ಯಕ್ಕೆ ಕೊಡುವಂತೆಯೇ ಇಲ್ಲ. ಹೀಗಾಗಿ ಬ್ಯಾಂಕಿನ ಒಪ್ಪಿಗೆ ಪತ್ರ ಮತ್ತು ನೋಂದಾಯಿತ ಕರಾರು, ಇವೆರಡೂ ಇಲ್ಲದ ಭೋಗ್ಯಕ್ಕೆ ದೊಡ್ಡ ಮೊತ್ತ ಕೊಡಬೇಡಿ. ಸಣ್ಣ ಮುಂಗಡ ಮತ್ತು ತಿಂಗಳ ಬಾಡಿಗೆಯ ಕರಾರು ಮಾಡಿಕೊಂಡು, ಬಾಡಿಗೆಯನ್ನು ನೇರವಾಗಿ ಮಾಲೀಕರ ಸಾಲದ ಖಾತೆಗೇ ಕಟ್ಟುವಂತೆ ಬರೆಸಿಕೊಂಡರೆ ಎರಡೂ ಕಡೆಯವರ ಸೂರು ಉಳಿಯುವ ಸಾಧ್ಯತೆ ಹೆಚ್ಚು.

ಈಗಾಗಲೇ ನೋಟಿಸ್ ಅಂಟಿದ್ದರೆ, ಅದರ ಫೋಟೊ ತೆಗೆದುಕೊಂಡು, ಕರಾರುಪತ್ರ, ಹಣ ವರ್ಗಾಯಿಸಿದ ಬ್ಯಾಂಕ್ ಪುರಾವೆ, ವಿದ್ಯುತ್ ಬಿಲ್, ಗ್ಯಾಸ್ ಪುಸ್ತಕ, ಮಕ್ಕಳ ಶಾಲೆಯ ದಾಖಲೆ ಎಲ್ಲವನ್ನೂ ಲಗತ್ತಿಸಿ, ನೋಟಿಸ್ಸಿಗೆ ಸಹಿ ಹಾಕಿರುವ ಅಧಿಕೃತ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಬಾಡಿಗೆದಾರರ ಹಕ್ಕನ್ನು ಪರಿಶೀಲಿಸುವ ಅಧಿಕಾರ 2016ರಿಂದ ಸಾಲ ವಸೂಲಾತಿ ನ್ಯಾಯಮಂಡಳಿಗೇ ಇದೆ. ಸಾಲಕ್ಕಿಂತ ಮೊದಲೇ ನೋಂದಾಯಿತ ಕರಾರಿನಡಿ ಬಂದವರ ಸ್ಥಾನ ಗಟ್ಟಿ. ಉಳಿದವರು ಅಲ್ಲಿ ಕೇಳಬಹುದಾದದ್ದು ಹೆಚ್ಚಾಗಿ ಕಾಲಾವಕಾಶ. ಇಡಿಗಂಟನ್ನು ಮರಳಿ ಕೊಡಬೇಕಾದವರು ಮಾಲೀಕರೇ ಹೊರತು ಬ್ಯಾಂಕಲ್ಲ. ಹರಾಜಿನ ಹಣದಲ್ಲಿ ಮಾಲೀಕರಿಗೆ ಉಳಿಕೆ ಬರುವಂತಿದ್ದರೆ ಅದು ಅವರ ಕೈ ಸೇರುವ ಮೊದಲೇ ನಿಮ್ಮ ಹಕ್ಕು ಮಂಡಿಸಲು ವಕೀಲರ ಸಲಹೆ ಪಡೆಯಬೇಕು.

ಮನೆಯನ್ನೇ ಕೊಳ್ಳುವ ದಾರಿಯೂ ಇದೆ. ಎರಡು ಸಂಸಾರಗಳು ಕೂಡಿ ಕೊಳ್ಳುವುದಾದರೆ ಹರಾಜಿನ ಗಡುವು ಬಹಳ ಬಿಗಿ: ಬಿಡ್ ಗೆದ್ದವರು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಬೆಲೆಯ ಶೇ 25ರಷ್ಟನ್ನು, ಉಳಿದದ್ದನ್ನು ಸಾಮಾನ್ಯವಾಗಿ 15 ದಿನಗಳಲ್ಲಿ ಕಟ್ಟಬೇಕು. ಹರಾಜಿಲ್ಲದೆ ಖಾಸಗಿ ಒಪ್ಪಂದದ ಮೂಲಕ ಮಾರಲೂ ನಿಯಮಗಳಲ್ಲಿ ಅವಕಾಶವಿರುವುದರಿಂದ, ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಮೊದಲೇ ಲಿಖಿತ ಪ್ರಸ್ತಾವ ಕೊಡುವುದು ಇದಕ್ಕಿಂತ ಕಾರ್ಯಸಾಧ್ಯ.

ಬೀದಿಯವರು, ಸಂಘದವರು

ಬೀಗ ಬಿದ್ದ ಮನೆಯ ಸಂಪಿನಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಮೊದಲು ಹೋಗುವುದು ಪಕ್ಕದ ಮನೆಗೆ. ಬ್ಯಾಂಕಿನ ಮನೆ, ನಮಗೇಕೆ ಎಂದು ಸುಮ್ಮನಿರಬೇಕಾಗಿಲ್ಲ. ಭೌತಿಕ ಸ್ವಾಧೀನ ಪಡೆದ ಮೇಲೆ ವಿವೇಕಿಯಾದ ಮಾಲೀಕ ತನ್ನ ಆಸ್ತಿಯನ್ನು ನೋಡಿಕೊಳ್ಳುವಷ್ಟೇ ಜಾಗರೂಕತೆಯಿಂದ ಅಧಿಕೃತ ಅಧಿಕಾರಿ ಅದನ್ನು ನೋಡಿಕೊಳ್ಳಬೇಕೆಂದು 2002ರ ನಿಯಮಗಳಲ್ಲೇ ಇದೆ. ಫೋಟೊ ಸಹಿತ ಪತ್ರವನ್ನು ಅವರಿಗೂ, ಪ್ರತಿಯನ್ನು ವಾರ್ಡಿನ ಆರೋಗ್ಯ ನಿರೀಕ್ಷಕರಿಗೂ ಕಳುಹಿಸಿ.

ಅಪಾರ್ಟ್‌ಮೆಂಟ್ ಆದರೆ ನಿರ್ವಹಣಾ ಶುಲ್ಕದ ಬಾಕಿಯ ಪ್ರಶ್ನೆ ಬರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಡಿ ನೋಂದಾಯಿತವಾದ ಕಟ್ಟಡಗಳಲ್ಲಿ ಈ ಬಾಕಿ ಆ ಫ್ಲಾಟಿನ ಮೇಲೆ ಹೊರೆಯಾಗಿ ಕೂರುತ್ತದೆ, ಆದರೆ ತೆರಿಗೆ ಮತ್ತು ಮೊದಲ ಅಡಮಾನದ ನಂತರದ ಸ್ಥಾನದಲ್ಲಿ. ಸ್ವಾಧೀನ ನೋಟಿಸ್ ಕಂಡ ಕೂಡಲೇ ಸಂಘವು ಬಾಕಿಯ ಮೊತ್ತವನ್ನು ಬ್ಯಾಂಕಿಗೆ ತಿಳಿಸಿ, ಹರಾಜು ಪ್ರಕಟಣೆಯಲ್ಲಿ ಅದನ್ನು ನಮೂದಿಸುವಂತೆ ಕೇಳಬೇಕು. ಇಲ್ಲದಿದ್ದರೆ ಕೊಂಡವರು ‘ನಮಗೆ ತಿಳಿದಿರಲಿಲ್ಲ’ ಎನ್ನುತ್ತಾರೆ, ಲಿಫ್ಟಿನ ರಿಪೇರಿ ಖರ್ಚು ಉಳಿದ ಮನೆಗಳ ಮೇಲೆ ಹಂಚಿಕೆಯಾಗುತ್ತದೆ.

ಹರಾಜಿನಲ್ಲಿ ಕೊಂಡವರು ಅದೇ ಮನೆಯನ್ನು ಮತ್ತೆ ಭೋಗ್ಯಕ್ಕೆ ಕೊಡುವುದು ಅಪರೂಪ, ಪಿ.ಜಿ. ಮಾಡಿದರೆ ಬರುವ ಆದಾಯ ಹೆಚ್ಚು. ಹೀಗೆ ಕಡಿಮೆ ಹಣದಲ್ಲಿ ಸಿಗುತ್ತಿದ್ದ ಎರಡು ಮನೆಗಳು ಆ ರಸ್ತೆಯಿಂದ ಕಾಣೆಯಾಗುತ್ತವೆ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರವಿರುವ ಕಯಹೋಗ ಕೌಂಟಿಯಲ್ಲಿ 2008ರ ಬಿಕ್ಕಟ್ಟಿನ ಬೆನ್ನಿಗೆ, 2009ರಲ್ಲಿ, ಜಪ್ತಿಯಾಗಿ ಖಾಲಿ ಬಿದ್ದ ಮನೆಗಳನ್ನು ವಶಕ್ಕೆ ಪಡೆದು ದುರಸ್ತಿ ಮಾಡಿ ಮಾರುವ ಅಥವಾ ಕೆಡವುವ ಭೂ ಬ್ಯಾಂಕನ್ನು ಸ್ಥಾಪಿಸಿದರು. ನಮ್ಮಲ್ಲಿ ಆ ಕೆಲಸ ಸದ್ಯಕ್ಕೆ ಬೀದಿಯವರ ಪಾಲಿಗೇ ಬಿದ್ದಿದೆ: ಮನೆ ಹರಾಜಿಗೆ ಬರುವ ಮೊದಲೇ ಅದೇ ಬಡಾವಣೆಯಲ್ಲಿ, ವಾಸಕ್ಕಾಗಿ ಮನೆ ಹುಡುಕುತ್ತಿರುವವರನ್ನು ಮಾಲೀಕರಿಗೆ ಪರಿಚಯಿಸುವುದು, ಒಕ್ಕಲೆದ್ದವರಿಗೆ ಮಕ್ಕಳ ಶಾಲೆಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಖಾಲಿ ಮನೆ ನೋಡಿಕೊಡುವುದು.

ಬೀಗ ಹಾಕುವ ದಿನ ಬಂದೇ ಬಂದರೆ ಯಾರೂ ಅಡ್ಡ ನಿಲ್ಲಬೇಡಿ, ಆದರೆ ಇಬ್ಬರು ನೆರೆಯವರಾದರೂ ಪಂಚನಾಮೆಯ ವೇಳೆ ಜೊತೆಗಿರಿ. ಅಡಮಾನವಾಗಿರುವುದು ಕಟ್ಟಡ ಮತ್ತು ನಿವೇಶನ. ಪಾತ್ರೆ, ಬೀರು, ಹೊಲಿಗೆ ಯಂತ್ರ, ಪುಸ್ತಕಗಳು ಅಲ್ಲ. ಒಳಗೆ ಉಳಿದ ಪ್ರತಿಯೊಂದು ಸಾಮಾನೂ ಪಟ್ಟಿಯಲ್ಲಿ ಬರೆಯಲ್ಪಟ್ಟಿದೆಯೇ ಎಂದು ಓದಿ ನೋಡಿದ ಮೇಲಷ್ಟೇ ಸಹಿ ಹಾಕಿ, ಪಟ್ಟಿಯ ಒಂದು ಪ್ರತಿಯನ್ನು ಅಲ್ಲೇ ಕೇಳಿ ಪಡೆಯಿರಿ. ಔಷಧಿ, ಅಂಕಪಟ್ಟಿ, ಆಧಾರ್, ರೇಷನ್ ಕಾರ್ಡ್ ಮತ್ತು ಭೋಗ್ಯದ ಕರಾರುಪತ್ರಗಳನ್ನು ಹಿಂದಿನ ದಿನವೇ ಒಂದು ಚೀಲಕ್ಕೆ ಹಾಕಿ ಪಕ್ಕದ ಮನೆಯಲ್ಲಿ ಇಟ್ಟಿರಬೇಕು.