ತಸ್ತೀಕ್ ನನ್ನ ಹೆಸರಿಗೆ ಬಂದದ್ದು ಹೀಗೆ

ನಮ್ಮೂರ ಗುಡಿಯ ಅರ್ಚಕರಾಗಿದ್ದ ಅಪ್ಪ ತೀರಿಕೊಂಡಿದ್ದು 2019ರ ಆಷಾಢದಲ್ಲಿ. ಸೂತಕದ ದಿನಗಳಲ್ಲಿ ಪಕ್ಕದೂರಿನ ಅರ್ಚಕರು ಬಂದು ದೀಪ ಹಚ್ಚಿ ಹೋದರು. ಆಮೇಲೆ ನಾನು ಬಾಗಿಲು ತೆಗೆದೆ. ಪೂಜೆ ಒಂದು ದಿನವೂ ನಿಲ್ಲಲಿಲ್ಲ. ನಿಂತಿದ್ದು ತಸ್ತೀಕ್, ಅಂದರೆ ಗುಡಿಯ ಪೂಜೆಗೆ ಸರ್ಕಾರದಿಂದ ವರ್ಷವರ್ಷ ಬರುವ ಹಣ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮದು ಹಳೇ ಮೈಸೂರು ಸೀಮೆಯ ಸಣ್ಣ ಊರು. ಗುಡಿ ಮುಜರಾಯಿಗೆ, ಅಂದರೆ ದೇವಸ್ಥಾನಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಗೆ ಸೇರಿದ್ದು. ಸರ್ಕಾರದ ಲೆಕ್ಕದಲ್ಲಿ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದರೆ ಎ ವರ್ಗ, 5ರಿಂದ 25 ಲಕ್ಷ ಇದ್ದರೆ ಬಿ, ಅದಕ್ಕಿಂತ ಕಡಿಮೆ ಇದ್ದರೆ ಸಿ. ಎ ವರ್ಗದವು ರಾಜ್ಯಕ್ಕೆಲ್ಲ ಸೇರಿ ಇನ್ನೂರು ಚಿಲ್ಲರೆ. ಸಿ ವರ್ಗದವು 34 ಸಾವಿರದಷ್ಟು. ಟಿವಿಯಲ್ಲಿ ದೇವಸ್ಥಾನ ಅಂದರೆ ಕೊಲ್ಲೂರು, ಕುಕ್ಕೆ ತೋರಿಸುತ್ತಾರೆ. ನಮ್ಮದು ಆ 34 ಸಾವಿರದಲ್ಲಿ ಒಂದು. ಬೆಳಿಗ್ಗೆ ಬರುವುದು ನಾಲ್ಕು ಜನ, ಶನಿವಾರ ಹತ್ತು ಜನ.

ಅಜ್ಜನ ಕಾಲದಲ್ಲಿ ದೇವರ ಹೆಸರಲ್ಲಿ 2 ಎಕರೆ 10 ಗುಂಟೆ ಗದ್ದೆ ಇತ್ತು. ಇನಾಂ, ಅಂದರೆ ಗುಡಿಯ ಖರ್ಚಿಗೆ ಅಂತ ಬಿಟ್ಟುಕೊಟ್ಟ ಜಮೀನು. 1955ರಲ್ಲಿ ಮೈಸೂರು ಸರ್ಕಾರ ಧಾರ್ಮಿಕ ಇನಾಂ ರದ್ದು ಮಾಡುವ ಕಾಯ್ದೆ ತಂದಿತು. ಗದ್ದೆ ಉಳುತ್ತಿದ್ದವರ ಪಾಲಾಯಿತು. ಅದರ ಬದಲಿಗೆ ದೇವರಿಗೆ ವರ್ಷಾಸನ. ಅದನ್ನೇ ನಾವು ತಸ್ತೀಕ್ ಅನ್ನುವುದು. ಹಾಗಾಗಿ ಅದು ಸರ್ಕಾರದ ಸಂಬಳವೂ ಅಲ್ಲ, ದಾನವೂ ಅಲ್ಲ. ಎಣ್ಣೆ, ಬತ್ತಿ, ನೈವೇದ್ಯದ ಅಕ್ಕಿ, ನನ್ನ ಹೊಟ್ಟೆ ಎಲ್ಲ ಅದರಲ್ಲೇ. ಆ ಗದ್ದೆ ಉಳುವ ಮನೆಯವರು ಈಗಲೂ ಸುಗ್ಗಿಯಲ್ಲಿ ಮೊದಲ ಮೊರ ಭತ್ತ ಗುಡಿಗೆ ತಂದು ಸುರಿಯುತ್ತಾರೆ. ಯಾವ ಕಾಯ್ದೆಯೂ ಅವರಿಗೆ ಹಾಗೆ ಮಾಡಿ ಅಂದಿಲ್ಲ.

ಸರಿ, ತಸ್ತೀಕ್ ಅಪ್ಪನ ಹೆಸರಲ್ಲಿತ್ತು. ಅಪ್ಪ ಇಲ್ಲ ಅಂದಮೇಲೆ ನಿಂತಿತು. ನಾನು ತಾಲ್ಲೂಕು ಕಚೇರಿಗೆ ಹೋದೆ. ಮುಜರಾಯಿ ಶಾಖೆ ಅಂದರೆ ಒಂದು ಮೇಜು, ಒಬ್ಬರು ಕೇಸ್ ವರ್ಕರ್. ಅವರಿಗೆ ಚುನಾವಣೆ ಕೆಲಸವೂ ಇತ್ತು. "ಅರ್ಜಿ ಕೊಟ್ಟು ಹೋಗಿ ಸ್ವಾಮಿ" ಅಂದರು. ಕೊಟ್ಟು ಬಂದೆ. ನಾನು ಮಾಡಿದ ಮೊದಲ ತಪ್ಪು ಅದೇ. ನನ್ನ ಪ್ರತಿಗೆ ಸೀಲ್ ಹಾಕಿಸಿಕೊಳ್ಳಲಿಲ್ಲ. ಮೂರು ತಿಂಗಳು ಬಿಟ್ಟು ಹೋದರೆ ಆ ಮೇಜಿನಲ್ಲಿ ಬೇರೆಯವರು ಕೂತಿದ್ದರು. ನನ್ನ ಅರ್ಜಿ ಬಂದೇ ಇಲ್ಲ ಅಂದರು.

ಎರಡನೇ ಸಲ ಬುದ್ಧಿ ಬಂತು. ಅಪ್ಪನ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ನನ್ನ ಆಧಾರ್, ಅಪ್ಪನಿಗೆ ಹಿಂದೆ ತಸ್ತೀಕ್ ಜಮಾ ಆದ ಪಾಸ್‌ಬುಕ್ಕಿನ ಪುಟ, ಇಬ್ಬರು ತಂಗಿಯರ ಒಪ್ಪಿಗೆ ಪತ್ರ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್. ಟಪಾಲು ಕೌಂಟರಿನಲ್ಲಿ ಕೊಟ್ಟು, ನನ್ನ ಪ್ರತಿಗೆ ಸೀಲು, ತಾರೀಖು, ನಂಬರು ಬರೆಸಿಕೊಂಡೆ. ಗುಡಿ ಪೂಜೆಯ ಶಾಸ್ತ್ರದ, ಅಂದರೆ ಆಗಮದ ಪರೀಕ್ಷೆ ಪಾಸಾಗಿದೆಯಾ ಅಂತಲೂ ಕೇಳಿದರು. ಅದೃಷ್ಟಕ್ಕೆ ಅಪ್ಪ ಬೈದು ಬೈದು ನನ್ನ ಕೈಲಿ ಕಟ್ಟಿಸಿದ್ದರು. ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ ಸಿಕ್ಕಿತು.

ಆಮೇಲೆ ಮಹಜರು. ಕಂದಾಯ ನಿರೀಕ್ಷಕರು (ಆರ್‌ಐ) ಮತ್ತು ಗ್ರಾಮ ಲೆಕ್ಕಿಗರು (ವಿಎ) ಊರಿಗೆ ಬಂದರು. ಗುಡಿಯ ಜಗಲಿ ಮೇಲೆ ಕೂತು ಊರಿನ ಐದು ಜನರನ್ನು ಕರೆದು, ಇವರೇ ಪೂಜೆ ಮಾಡುತ್ತಿದ್ದಾರಾ, ಯಾರದಾದರೂ ತಕರಾರು ಇದೆಯಾ ಅಂತ ಕೇಳಿದರು. ಗದ್ದೆ ಉಳುವ ಮನೆಯ ಹಿರಿಯರು, "ಇನ್ಯಾರು ಮಾಡ್ತಾರೆ ಸಾರ್? ಅಯ್ನೋರು ಬರದಿದ್ರೆ ನಮ್ಮನೆ ಕರುಗೂ ಗಂಟೆ ಸದ್ದಿಲ್ದೆ ಎಚ್ಚರ ಆಗಲ್ಲ" ಅಂದರು. ವಿಎ ಅದನ್ನು ಹಾಗೇ ಬರೆಯಲಿಲ್ಲ. "ತಕರಾರು ಇರುವುದಿಲ್ಲ" ಅಂತ ಬರೆದುಕೊಂಡು ಐದೂ ಜನರ ಸಹಿ ಹಾಕಿಸಿಕೊಂಡರು.

ಇಷ್ಟಾದ ಮೇಲೂ ಬ್ಯಾಂಕಿನದೊಂದು ಉಳಿದಿತ್ತು. ದೇವಸ್ಥಾನದ ಹೆಸರಲ್ಲಿ ಖಾತೆ ತೆಗೆಯಲು ಹೋದರೆ, ಕೌಂಟರಿನ ಹುಡುಗ ಫಾರಂ ನೋಡಿ "ಖಾತೆದಾರರ ಆಧಾರ್?" ಅಂದ. ಖಾತೆದಾರರು ಆಂಜನೇಯಸ್ವಾಮಿ ಅಂದೆ. ಅವನೂ ನಗಲಿಲ್ಲ, ನಾನೂ ನಗಲಿಲ್ಲ. ತಹಶೀಲ್ದಾರರ ಪತ್ರ ತಂದುಕೊಟ್ಟ ಮೇಲೆ ಆಯಿತು. 2021ರಲ್ಲಿ ಮೊದಲ ಸಲ ದುಡ್ಡು ಜಮಾ ಆಯಿತು. ಆಗ ವರ್ಷಕ್ಕೆ 48 ಸಾವಿರ. ಮಧ್ಯದ ಬಾಕಿಯಲ್ಲಿ ಒಂದು ವರ್ಷದ್ದು ಮಾತ್ರ ಬಂತು. ಉಳಿದದ್ದಕ್ಕೆ ಇವತ್ತಿಗೂ ಅರ್ಜಿ ಕೊಡುತ್ತಲೇ ಇದ್ದೇನೆ.

ಸರ್ಕಾರದ ಕೈ ಎಲ್ಲಿಯವರೆಗೆ ಅನ್ನುವುದು ನನಗೆ ಹುಂಡಿ ಎಣಿಕೆಯ ದಿನ ಅರ್ಥವಾಯಿತು. ಹುಂಡಿಯ ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಿರುತ್ತಾರೆ. ಆರ್‌ಐ ಬಂದು ಮುದ್ರೆ ಒಡೆದರು. ಜಮಖಾನ ಹಾಸಿ ಸುರಿದೆವು. ಎಂಟು ತಿಂಗಳ ಕಾಸು. ನೋಟುಗಳು ಕುಂಕುಮ, ಎಣ್ಣೆ ಹತ್ತಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದೊಂದನ್ನೂ ಉಗುರಿನಿಂದ ಬಿಡಿಸಬೇಕು. ಹಳೇ 500ರ ನೋಟು ಎರಡು ಸಿಕ್ಕವು. ನೋಟು ರದ್ದಾಗಿ ಏಳು ವರ್ಷ ಆಗಿತ್ತು. ಯಾರೋ ಪಾಪ ಕಳೆಯಲು ಹಾಕಿದರೋ, ನೋಟು ಕಳೆಯಲು ಹಾಕಿದರೋ ಗೊತ್ತಿಲ್ಲ. ಒಟ್ಟು 38,460 ರೂಪಾಯಿ. ಪಂಚನಾಮೆ ಬರೆದು ಎಲ್ಲರೂ ಸಹಿ ಮಾಡಿದೆವು.

ಅವತ್ತು ಆರ್‌ಐ ಸುಮ್ನೆ ಮಾತಿಗೆ, "ಪೂಜೆ ಏಳಕ್ಕೆ ಶುರು ಮಾಡಿ ಅಯ್ನೋರೆ, ಆಫೀಸಿಗೆ ಹೋಗೋರಿಗೆ ಅನುಕೂಲ" ಅಂದರು. ಅದು ಮಾತ್ರ ಆಗಲ್ಲ ಸಾರ್ ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಆಮೇಲೆ ನಮ್ಮ ಪರಿಚಯದ ವಕೀಲರು ಹೇಳಿದರು. ಈ ಗೆರೆ ಎಳೆದದ್ದು 1954ರಲ್ಲಿ ಸುಪ್ರೀಂ ಕೋರ್ಟು, ಅದೂ ಉಡುಪಿಯ ಶಿರೂರು ಮಠದ ಕೇಸಿನಲ್ಲಿ. ಉಡುಪಿ ಆಗ ಮದರಾಸಿಗೆ ಸೇರಿತ್ತು. ಪೂಜೆ, ಆಚಾರ ಹೇಗೆ ಅನ್ನುವುದು ಧರ್ಮದವರ ಪಾಲು. ಆಸ್ತಿ, ಲೆಕ್ಕಪತ್ರ ನೋಡಿಕೊಳ್ಳುವ ರೀತಿಗೆ ಸರ್ಕಾರ ಕಾನೂನು ಮಾಡಬಹುದು. ನನ್ನ ಭಾಷೆಯಲ್ಲಿ ಹೇಳುವುದಾದರೆ ಹುಂಡಿಯ ಬೀಗ ಅವರದ್ದು, ಗರ್ಭಗುಡಿಯ ಬೀಗ ನಮ್ಮದು. ತಮಾಷೆ ಅಂದರೆ ನಮ್ಮಂಥ ಗುಡಿಗಳಿಗೆ ಈಗಿರುವ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳಿಗೆ ಅನ್ವಯಿಸುವುದೇ ಇಲ್ಲ. ಕೇಸು ನಡೆಸಿದ್ದು ಮಠ, ಗೆರೆಯೊಳಗೆ ಬದುಕುತ್ತಿರುವುದು ನಾವು.

2024ರ ಫೆಬ್ರವರಿಯಲ್ಲಿ ಆ ಕಾಯ್ದೆಯ ತಿದ್ದುಪಡಿ ಗಲಾಟೆ ನಿಮಗೂ ನೆನಪಿರಬೇಕು. ಆದಾಯ 10 ಲಕ್ಷ ದಾಟಿದ ಗುಡಿಗಳಿಂದ ನೂರಕ್ಕೆ 5, ಒಂದು ಕೋಟಿ ದಾಟಿದರೆ ನೂರಕ್ಕೆ 10 ಸಾಮಾನ್ಯ ಸಂಗ್ರಹಣಾ ನಿಧಿಗೆ ಅಂತ ಇತ್ತು. ವಿಧಾನಸಭೆಯಲ್ಲಿ ಪಾಸಾಗಿ ವಿಧಾನ ಪರಿಷತ್ತಿನಲ್ಲಿ ಬಿದ್ದುಹೋಯಿತು. ನಮ್ಮೂರ ಹುಡುಗರು ಗುಡಿಗೆ ಬಂದು, "ನಿಮ್ಮ ಹುಂಡಿ ದುಡ್ಡೂ ಹೋಗುತ್ತಂತೆ" ಅಂದರು. ನಮ್ಮ ಹುಂಡಿ ಎಲ್ಲಿ, ಹತ್ತು ಲಕ್ಷ ಎಲ್ಲಿ! ಆ ನಿಧಿ ಇರುವುದೇ ದೊಡ್ಡ ಗುಡಿಯ ದುಡ್ಡಿನಲ್ಲಿ ಸಣ್ಣ ಗುಡಿಗಳಿಗೆ ನೆರವಾಗಲಿ ಅಂತ. ಅದು ನಮ್ಮ ತನಕ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಯನ್ನು ಮಾತ್ರ ಟಿವಿಯಲ್ಲಿ ಯಾರೂ ಕೇಳಲಿಲ್ಲ.

ಮರುವರ್ಷದ ಬಜೆಟ್ಟಿನಲ್ಲಿ ಇನ್ನೊಂದು ಸುದ್ದಿ. ಮಸೀದಿಯ ಇಮಾಮರಿಗೆ, ಜೈನ ಅರ್ಚಕರಿಗೆ, ಸಿಖ್ಖರ ಮುಖ್ಯ ಗ್ರಂಥಿಗಳಿಗೆ ಗೌರವಧನ ತಿಂಗಳಿಗೆ 6 ಸಾವಿರ. ವಾಟ್ಸಾಪಿನಲ್ಲಿ ಇಮಾಮರ ಸಾಲೊಂದನ್ನೇ ಕತ್ತರಿಸಿ, "ಅವರಿಗೆ ಕೊಡ್ತಾರೆ, ನಮಗಿಲ್ಲ" ಅಂತ ಬಂತು. ಅದೇ ಬಜೆಟ್ಟಿನಲ್ಲಿ ನಮ್ಮ ತಸ್ತೀಕ್ 60 ಸಾವಿರದಿಂದ 72 ಸಾವಿರಕ್ಕೆ ಏರಿತ್ತು. ಅಮ್ಮನ ಎದುರಿಗೇ ಕ್ಯಾಲ್ಕುಲೇಟರ್ ಒತ್ತಿದೆ. 72ನ್ನು 12ರಿಂದ ಭಾಗಿಸಿದರೆ 6. ಅದೇ ವಾರ ಸಂತೆಯಲ್ಲಿ ನಮ್ಮೂರ ಇಮಾಮ್ ಸಾಹೇಬರು ಸಿಕ್ಕರು. ಅವರ ಗೌರವಧನ ಐದು ತಿಂಗಳಿಂದ ಬಂದಿಲ್ಲ. "ನಿಮ್ದು ಬಂತಾ ಅಯ್ನೋರೆ?" ಅಂದರು. ಇಲ್ಲ ಅಂದೆ. ಟಪಾಲು ಸೀಲಿನ ವಿಷಯ ಅವರಿಗೂ ಹೇಳಿಕೊಟ್ಟೆ.

ಇನ್ನು ವ್ಯವಸ್ಥಾಪನಾ ಸಮಿತಿ. ಒಂಬತ್ತು ಜನ ಇರಬೇಕು. ಪ್ರಧಾನ ಅರ್ಚಕರು ಒಬ್ಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಕನಿಷ್ಠ ಒಬ್ಬರು, ಹೆಂಗಸರು ಇಬ್ಬರು. ನಮ್ಮೂರಲ್ಲಿ ಇದಕ್ಕೆ ಗುಸುಗುಸು ಆಗದೆ ಇರಲಿಲ್ಲ. "ಅಪ್ಪ ಅಜ್ಜಂದಿರ ಕಾಲದಿಂದ ನಡೆದು ಬಂದಿದ್ದು ಬೇರೆ" ಅಂತ ನಾನೂ ಒಂದಿಬ್ಬರ ಮುಂದೆ ಅಂದಿದ್ದೆ, ಸುಳ್ಳು ಯಾಕೆ ಹೇಳಲಿ. ಜಿಲ್ಲಾ ಧಾರ್ಮಿಕ ಪರಿಷತ್ತಿನ ಆದೇಶ ಬಂತು, ಸಮಿತಿ ಆಯಿತು. ಹೊರಕೇರಿಯ ಮೇಷ್ಟ್ರು ಮೊದಲ ಸಭೆಗೆ ಬಂದಾಗ ಜಗಲಿಯ ತುದಿಯಲ್ಲಿ ಕೂತರು. ಇತ್ತ ಬನ್ನಿ ಅಂತ ಕರೆಯಲು ನನಗೆ ಎರಡು ಸಭೆ ಬೇಕಾಯಿತು.

ಹೆಂಗಸರಲ್ಲಿ ಒಬ್ಬರು ಸ್ವಸಹಾಯ ಸಂಘದ ಲೆಕ್ಕ ಬರೆಯುವವರು. ಮೂರನೇ ಸಭೆಯಲ್ಲಿ ಖರ್ಚಿನ ಪುಸ್ತಕ ತಿರುವಿ ನನ್ನನ್ನೇ ಕೇಳಿದರು. "ಅಯ್ನೋರೆ, ನಂದಾದೀಪಕ್ಕೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬೇಕಾಗುತ್ತೆ?" ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಹುಯ್ಯುತ್ತಿದ್ದೇನೆ, ಅಳೆದೇ ಇರಲಿಲ್ಲ. ಅಪ್ಪನೂ ಅಳೆದಿರಲಿಲ್ಲ. ಮಾರನೇ ದಿನದಿಂದ ಅಳೆಯಲು ಶುರು ಮಾಡಿದೆ. ಮೂರೂಮುಕ್ಕಾಲು ಲೀಟರ್. ಪುಸ್ತಕದಲ್ಲಿ ನಾನು ವರ್ಷಗಟ್ಟಲೆ ಬರೆಯುತ್ತಾ ಬಂದಿದ್ದು ಐದು.

ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿದೆ. ಮುಂದಿನ ಎಣಿಕೆಗೆ ಆರ್‌ಐ ಬಂದಾಗ ಅವರಿಗೂ ಅದೇ ಪುಟ ತೆಗೆದು ತೋರಿಸಿದೆ.