ಜಿಲ್ಲೆ ಬಿಡದೆ ಥೆರಪಿಸ್ಟ್ ಹುಡುಕಿದೆ: ನನ್ನ ಅನುಭವ

"ಬೆಂಗಳೂರಿಗೆ ಬಂದುಬಿಡು. ಕೊಡಗಿನಲ್ಲಿ ಕುಳಿತು ಇದೆಲ್ಲ ಆಗುವ ಮಾತಲ್ಲ" ಎಂದವಳು ನನ್ನ ಆಪ್ತ ಗೆಳತಿ. ಅವಳು ಟ್ರಾನ್ಸ್ ಮಹಿಳೆ, ಹುಟ್ಟಿದಾಗ ಗಂಡೆಂದು ಬರೆಸಿಕೊಂಡ ಹೆಣ್ಣು. ನಮ್ಮ ಕಡೆಯಿಂದ ಹೊರಟುಹೋಗಿ ಹತ್ತು ವರ್ಷವಾಗಿದೆ. ಅವಳಿಗೆ ಬೇರೆ ದಾರಿ ಇರಲಿಲ್ಲ. ನನಗೆ ಮೂರೂವರೆ ಎಕರೆ ರೊಬಸ್ಟಾ ಕಾಫಿ ಇದೆ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಮೆಣಸಿದೆ, ಮಂಡಿ ನೋವಿನ ಅವ್ವ ಇದ್ದಾಳೆ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸವಿದೆ. ಇಷ್ಟನ್ನು ಬಿಟ್ಟು ಹೋಗಿ ನನ್ನನ್ನು ನಾನು ಹುಡುಕಿಕೊಳ್ಳುವುದು ನನಗೆ ಬೇಕಿರಲಿಲ್ಲ. ಈಗ 20 ತಿಂಗಳಾಯಿತು. ಹದಿನೈದು ದಿನಕ್ಕೊಮ್ಮೆ, ಗುರುವಾರ ಸಂಜೆ ಐದೂವರೆಗೆ, ಇಲ್ಲಿಂದಲೇ, ಫೋನಿನಲ್ಲಿ, ನನ್ನ ಲಿಂಗತ್ವದ ಗೊಂದಲದ ಬಗ್ಗೆ ಥೆರಪಿ ನಡೆಯುತ್ತಿದೆ. ಅದೇ ಗೆಳತಿ ಈಗ ತನ್ನ ಪರಿಚಯದವರಿಗೆ ನನ್ನ ನಂಬರ್ ಕೊಡುತ್ತಾಳೆ. ಕಳೆದ ತಿಂಗಳು ಚಿಕ್ಕಮಗಳೂರು ಕಡೆಯ ಇಬ್ಬರು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಬರೆದಿಡುತ್ತಿದ್ದೇನೆ.

ನನ್ನನ್ನು ಹೆಣ್ಣೆಂದು ಬೆಳೆಸಿದರು. ನಾನು ಗಂಡೋ, ಎರಡೂ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ತೀರ್ಮಾನವಾಗಿರುವವರಿಗೆ ಬೇಕಾದದ್ದು ಏನೆಂದು ಗೊತ್ತಿರುತ್ತದೆ. ಆಗದವರ ಜೊತೆ ಕೂರುವ ತಾಳ್ಮೆ ಎಲ್ಲ ಥೆರಪಿಸ್ಟರಿಗೂ ಇರುವುದಿಲ್ಲ.

ಮೊದಲು ಸೋತ ಕಥೆ. 2021ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಒಂದು ಪೇಟೆಯಲ್ಲಿ ಒಬ್ಬ ವೈದ್ಯರ ಬಳಿ ಹೋದೆ. ₹500 ಫೀಸು, ಹತ್ತು ನಿಮಿಷ. ಮದುವೆಯಾದರೆ ಸರಿಹೋಗುತ್ತದೆ ಎಂದರು, ನಿದ್ದೆ ಮಾತ್ರೆ ಬರೆದುಕೊಟ್ಟರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ನಾನು ಬಸ್ಸಿಳಿದು ಮನೆ ತಲುಪುವ ಮೊದಲೇ ವಿಷಯ ಅಣ್ಣನ ಕಿವಿ ತಲುಪಿತ್ತು. ಇಲ್ಲಿ ಯಾರ ಜೀಪು ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿತ್ತು ಎಂಬುದೂ ಊರಿಗೆ ಗೊತ್ತಿರುತ್ತದೆ. ವೈದ್ಯರ ಬಾಯಿಯೂ ಹಾಗೇ ಇದ್ದರೆ ರೋಗಿ ಹೋಗುವುದು ಎಲ್ಲಿಗೆ? ನಾವು ಹೇಳಿದ್ದನ್ನು ಗುಟ್ಟಾಗಿ ಇಡಬೇಕಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ ಎಂದು ಆಮೇಲೆ ತಿಳಿಯಿತು. ಅಂದು ತಿಳಿದಿರಲಿಲ್ಲ. ಅಣ್ಣ ನನ್ನೊಡನೆ ಐದು ತಿಂಗಳು ಮಾತು ಬಿಟ್ಟ.

ಎರಡನೆಯದು ಮೈಸೂರಿನಲ್ಲಿ, 2023ರಲ್ಲಿ. ದೂರದ ಊರಾದರೆ ಸುದ್ದಿ ಹಿಂಬಾಲಿಸುವುದಿಲ್ಲ ಎಂಬ ಲೆಕ್ಕ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆಗೂ ಮೇಲೆ. ಶಕ್ತಿ ಯೋಜನೆ ಆಗಷ್ಟೇ ಬಂದಿತ್ತು. ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಆದರೂ ಮೊದಲ ಸಲ ನಾನು ದುಡ್ಡು ಕೊಟ್ಟು ಟಿಕೆಟ್ ಪಡೆದೆ. ಕಂಡಕ್ಟರ್ ನನ್ನನ್ನು ಯಾವ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೋ ಎಂಬ ಯೋಚನೆಯೇ ಬೇಡವೆನಿಸಿತ್ತು. ಆ ಕ್ಲಿನಿಕ್ಕಿನಲ್ಲಿ ಸೆಷನ್‌ಗೆ ₹1,200. ನಾಲ್ಕು ಸಲ ಹೋದೆ. ಬೇಡದ ರಕ್ತಪರೀಕ್ಷೆಗಳಿಗೆ ₹3,500 ಹೋಯಿತು. ನಾಲ್ಕನೆಯ ಸಲ, "ಆರು ತಿಂಗಳು ದಿನಾ ಸೀರೆ ಉಟ್ಟು ನೋಡಿ, ಮನಸ್ಸು ತಿರುಗುತ್ತದೆ" ಎಂಬ ಸಲಹೆ ಬಂತು. ಮನಸ್ಸು ತಿರುಗಿಸುವ ಇಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ನನ್ನಂಥವರ ಲಿಂಗತ್ವದ ವಿಷಯ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಬಂದಿತ್ತು; ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿತ್ತು. ಹಿಂದಿರುಗುವಾಗ ಕುಶಾಲನಗರದ ಸೇತುವೆ ದಾಟುತ್ತಿದ್ದಂತೆ ಆ ಚೀಟಿಯನ್ನು ಹರಿದು ಕಾವೇರಿಗೆ ಹಾಕಬೇಕೆನಿಸಿತು. ಹೊಳೆಗೆ ಕಸ ಹಾಕುವುದು ಬೇಡವೆಂದು ಮನೆಗೆ ತಂದು ಒಲೆಗೆ ಹಾಕಿದೆ.

ಮೂರನೆಯ ಸೋಲು ಬೇರೆ ಬಗೆಯದು, ಹೆಚ್ಚಿನವರು ಹೇಳದೆ ಬಿಡುವಂಥದ್ದು. ಮೊಬೈಲ್ ಆಪ್ ಮೂಲಕ ಉತ್ತರದ ದೊಡ್ಡ ನಗರವೊಂದರ ಥೆರಪಿಸ್ಟ್ ಸಿಕ್ಕರು. ಒಳ್ಳೆಯವರು, ಕಲಿತವರು, ಅಫರ್ಮೇಟಿವ್, ಅಂದರೆ ನಮ್ಮನ್ನು ಇದ್ದಂತೆಯೇ ಒಪ್ಪುವವರು, ಎಂದು ಬರೆದುಕೊಂಡಿದ್ದಕ್ಕೆ ತಕ್ಕಂತೆಯೇ ಇದ್ದರು. ₹1,800ರಂತೆ ಆರು ಸೆಷನ್. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ಹುತ್ತರಿ ನಮ್ಮ ಕೊಡಗಿನ ಸುಗ್ಗಿ ಹಬ್ಬ; ಆ ರಾತ್ರಿ ಗದ್ದೆಗೆ ಹೋಗುವಾಗ ದೀಪ ಹೆಂಗಸರದು, ಕದಿರು ಕೊಯ್ಯುವ ಕತ್ತಿ ಗಂಡಸರದು. ಆ ದೀಪ ಹಿಡಿಯುವುದು ಏಕೆ ನನ್ನ ಎದೆ ಹಿಂಡುತ್ತದೆ ಎಂದು ತಿಳಿಸಲು, ಹುತ್ತರಿ ಎಂದರೇನು ಎಂಬಲ್ಲಿಂದ ಶುರುಮಾಡಬೇಕಾಯಿತು. ಅರ್ಧ ಸೆಷನ್ ಅದಕ್ಕೇ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ, ಎರಡನೆಯ ಸಲವೇ ಅವರು ನನ್ನ ಹೊಸ ಹೆಸರೇನು, ದೇಹ ಬದಲಿಸುವ ಹಾರ್ಮೋನ್ ಯಾವಾಗ ಶುರುಮಾಡಬೇಕೆಂದಿದ್ದೀರಿ ಎಂದು ಕೇಳಿದರು. ಮೈಸೂರಿನವರು ಒಂದು ದಡಕ್ಕೆ ಎಳೆದರೆ ಇವರು ಪ್ರೀತಿಯಿಂದಲೇ ಇನ್ನೊಂದು ದಡಕ್ಕೆ ಎಳೆದರು. ನಾನಿನ್ನೂ ನೀರಿನಲ್ಲೇ ಇದ್ದೆ.

2024ರ ಜುಲೈನಲ್ಲಿ ಒಂದು ರಾತ್ರಿ ಕರೆಂಟಿಲ್ಲ, ಗಾಳಿ, ಮನಸ್ಸು ಪೂರ್ತಿ ಕುಸಿದಿತ್ತು. 14416ಕ್ಕೆ ಕರೆ ಮಾಡಿದೆ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಿದರು. ವಾರವಾರದ ಥೆರಪಿಗೆ ಅದು ಬದಲಿಯಲ್ಲ, ಆದರೆ ಆ ರಾತ್ರಿ ದಾಟಿಸಿತು. ಅದರಿಂದ ನನಗೆ ಇನ್ನೊಂದು ವಿಷಯವೂ ಹೊಳೆಯಿತು: ನನ್ನ ದುಃಖ ಕನ್ನಡದಲ್ಲಿ ಹೇಳಿದಾಗ ಚಿಕ್ಕ ವಾಕ್ಯಗಳಲ್ಲಿ ಹೊರಬರುತ್ತದೆ.

ಮರುದಿನ ಪಗಾರ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಕುಳಿತೆ. ಇಲ್ಲಿಯವರೆಗೆ ಪರೀಕ್ಷೆಗೆ ಕುಳಿತಿದ್ದವರು ನಾವು. ಈ ಸಲ ಪರೀಕ್ಷೆ ಮಾಡುವವರೂ ನಾವೇ ಆಗಬೇಕು ಎಂದು ನಿಶ್ಚಯಿಸಿದೆ. ಬೆಂಗಳೂರು, ಮಂಗಳೂರಿನ ಗೆಳೆಯರ ಬಳಗದಲ್ಲಿ ಹೆಸರುಗಳನ್ನು ಕೇಳಿದೆ. "ಯಾರು ಒಳ್ಳೆಯವರು" ಎಂದು ಕೇಳಲಿಲ್ಲ, ಅದಕ್ಕೆ ಎಲ್ಲರೂ ಪ್ರಸಿದ್ಧರ ಹೆಸರನ್ನೇ ಹೇಳುತ್ತಾರೆ. "ಎರಡನೆಯ ವರ್ಷವೂ ನೀವು ಯಾರ ಬಳಿ ಹೋಗುತ್ತಿದ್ದೀರಿ" ಎಂದು ಕೇಳಿದೆ. ಪಟ್ಟಿ ತಾನಾಗಿ ಸಣ್ಣದಾಯಿತು. ಹದಿನಾಲ್ಕು ಹೆಸರು ಉಳಿದವು. ಹದಿನಾಲ್ಕು ಜನರಿಗೂ ಒಂದೇ ಸಂದೇಶ ಕಳಿಸಿದೆ: ಕೊಡಗಿನಲ್ಲಿದ್ದೇನೆ, ಕನ್ನಡದಲ್ಲಿ ಮಾತಾಡಬೇಕು, ಮೊದಲು ಹದಿನೈದು ನಿಮಿಷ ಕೊಡಿ. ಒಂಬತ್ತು ಜನ ಉತ್ತರಿಸಿದರು, ಆರು ಜನ ಹಣವಿಲ್ಲದೆ ಆ ಹದಿನೈದು ನಿಮಿಷ ಕೊಟ್ಟರು.

ಆರು ಜನರಿಗೂ ಒಂದೇ ಪ್ರಶ್ನೆಗಳು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿದೆ. ನಮ್ಮ ಮನೆಯವರು ಫೋನ್ ಮಾಡಿದರೆ ಏನು ಹೇಳುತ್ತೀರಿ ಎಂದು ಕೇಳಿದೆ. ಇಬ್ಬರು ಅಲ್ಲೇ ಬಿದ್ದುಹೋದರು. "ಮನೆಯವರನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕಲ್ಲ" ಎಂಬುದು ಅವರ ಉತ್ತರ. ಆಮೇಲೆ, "ಕೊನೆಯವರೆಗೂ ನನಗೆ ಗೊತ್ತಾಗದೇ ಹೋದರೆ ಏನು ಮಾಡುತ್ತೀರಿ?" ಎಂದು ಕೇಳಿದೆ. ಇದೇ ಮುಖ್ಯವಾದ ಪ್ರಶ್ನೆ. ಹೆಚ್ಚಿನವರು ಸಮಾಧಾನ ಹೇಳಿದರು, ಖಂಡಿತ ಗೊತ್ತಾಗುತ್ತದೆ ಎಂದರು. ಒಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲದೆಯೇ ಬನ್ನಿ. ಗೊತ್ತಾಗಲಿ ಎಂಬ ಅವಸರ ನನಗೇನೂ ಇಲ್ಲ" ಎಂದರು. ಇನ್ನೊಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉತ್ತರ ಕಲಿತುಕೊಂಡು ಬರುವವರು ಇದ್ದಾರೆ. ನೇರವಾಗಿ ಕೇಳಿದವರಿಗೆ ಹೇಳುತ್ತೇನೆ.

ಆ ಒಬ್ಬರೇ ಈಗ ನನ್ನ ಮೇಡಂ. ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರು. ತೋಟದ ಮನೆಯ ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಅವರಿಗೆ ವಿವರಿಸಬೇಕಿಲ್ಲ. ಅವರ ಫೀಸು ₹1,500. ನನ್ನಿಂದ ಅಷ್ಟು ಆಗದು, ₹900 ಆಗುತ್ತದೆ, ಕೆಲವು ಸಲ ತಡವಾಗಬಹುದು ಎಂದು ಮೊದಲ ದಿನವೇ ಹೇಳಿದೆ. ಕೇಳುವುದಕ್ಕೆ ನಾಚಬೇಡಿ, ಹಲವರು ಕಡಿಮೆ ಮಾಡುತ್ತಾರೆ. ಮೆಣಸು ಮಾರಿದಾಗ, ಆಗ ಕಿಲೋಗೆ ₹600ರ ಮೇಲಿತ್ತು, ಎಂಟು ಸೆಷನ್ನಿನ ಹಣವನ್ನು ಒಟ್ಟಿಗೇ ಕಳಿಸಿದೆ. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಅದು ಕಾಪಾಡಿತು. ಇಲ್ಲಿಯವರೆಗೆ 38 ಸೆಷನ್ ಆಗಿರಬೇಕು, ಅಂದಾಜು ₹34,000. ಅದಕ್ಕೆ ಮೊದಲು ಸೋಲಿಗೆ ಸುರಿದದ್ದು ₹20,000ಕ್ಕೆ ಹತ್ತಿರ. ಈ ದುಡ್ಡಿಗೆ ಒಳ್ಳೆಯ ಪಂಪ್‌ಸೆಟ್ ಬರುತ್ತಿತ್ತು ಎಂದು ಅಣ್ಣ ಹೇಳಿದ. ನನಗೆ ಪಂಪ್‌ಸೆಟ್‌ಗಿಂತ ಇದು ಬೇಕಿತ್ತು.

ಮೂರನೆಯ ತಿಂಗಳು ಇರಬೇಕು, ನನ್ನ ಬಗ್ಗೆ ಏನು ಬರೆದುಕೊಳ್ಳುತ್ತೀರಿ ಎಂದು ಕೇಳಿದೆ. ಮೇಡಂ ಹಿಂಜರಿಯದೆ ಟಿಪ್ಪಣಿಯನ್ನು ಓದಿ ಹೇಳಿದರು. "ಅವರು ಈ ವಾರ ಕಣದಲ್ಲಿ ಕೆಲಸ ಮಾಡಿದರು. ಅವರಿಗೆ ಅಣ್ಣನ ಮಾತು ನೋವಾಯಿತು. ಅವರು ನಿದ್ದೆ ಮಾಡಿದರು." ಎಲ್ಲೂ ಅವಳು ಇಲ್ಲ, ಅವನೂ ಇಲ್ಲ. ಏಕೆ ಹೀಗೆ ಎಂದೆ. "ನೀವಿನ್ನೂ ಆರಿಸಿಲ್ಲವಲ್ಲ" ಎಂದರು. ನಮ್ಮ ಭಾಷೆಯಲ್ಲಿ ಹಿರಿಯರಿಗೆ, ಗುರುಗಳಿಗೆ ಕೊಡುವ ಆ "ಅವರು"ವಿನೊಳಗೆ ಗಂಡು ಹೆಣ್ಣಿನ ಗೊಡವೆಯೇ ಇಲ್ಲ. ದಿನಾ ಬಳಸುವ ಮಾತು, ಅದರೊಳಗೆ ನನಗೂ ಜಾಗವಿತ್ತೆಂದು ಆ ದಿನ ಕಂಡೆ. ಜೀಪಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಅವರು ಕಾದರು.

ಜೀಪಿನ ವಿಷಯ ಹೇಳಬೇಕು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಕೊಯ್ಲಿನ ಕಾಲದಲ್ಲಿ ಅಲ್ಲಿ ಹತ್ತು ಜನ ಇರುತ್ತಾರೆ. ಮಳೆಗಾಲದಲ್ಲಿ ಶೀಟಿನ ಮೇಲೆ ನೀರು ಬೀಳುವ ಸದ್ದಿಗೆ ಇಯರ್‌ಫೋನ್ ಇದ್ದರೂ ಏನೂ ಕೇಳುವುದಿಲ್ಲ. ಗುಡ್ಡದ ರಸ್ತೆಯ ಒಂದು ತಿರುವಿನಲ್ಲಿ ಎರಡು ಕಡ್ಡಿ ಸಿಗುತ್ತದೆ, ಯಾವ ತಿರುವೆಂದು ಹೇಳಲಾರೆ. ಅಲ್ಲಿ ಜೀಪು ನಿಲ್ಲಿಸಿ ಒಳಗೆ ಕುಳಿತೇ ಮಾತಾಡುತ್ತೇನೆ. ವಿಡಿಯೊ ಬೇಡ, ದನಿ ಸಾಕು. ಕಳೆದ ಆಗಸ್ಟಿನಲ್ಲಿ ಮೂರು ವಾರ ಏನೂ ಸಿಗಲಿಲ್ಲ. ಅಂಥ ದಿನಕ್ಕೆಂದು ಮೊದಲೇ ಮಾತಾಗಿತ್ತು: ಅದೇ ಗುರುವಾರ, ಅದೇ ಹೊತ್ತಿಗೆ ಐವತ್ತು ನಿಮಿಷ ಕೈಯಲ್ಲಿ ಬರೆಯುವುದು, ಸಂಪರ್ಕ ಬಂದ ಮೇಲೆ ಓದಿ ಹೇಳುವುದು. ನಾನು ಚೆನ್ನಾಗಿ ಬರೆಯುತ್ತೇನೆಂದು ಮೇಡಂ ಹೇಳಿದರು. ಹೌದು, ಚೆನ್ನಾಗಿಯೇ ಬರೆದಿದ್ದೆ.

ನಡುವೆ ಏನೇನೋ ಪ್ರಯೋಗಗಳು. ತಿಂಗಳಿಗೊಮ್ಮೆ ದನಿ ರೆಕಾರ್ಡ್ ಮಾಡಿ ಕೇಳಿದೆ, ಉಪಯೋಗ ಕಾಣಲಿಲ್ಲ, ಬಿಟ್ಟೆ. ಕುಶಾಲನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲಿಗೆ ಬೇರೆ ಹೆಸರು ಹೇಳಿದೆ; ಅದು ತುಂಬಾ ಹಿತವೆನಿಸಿತು, ಆ ಬಿಲ್ಲು ಇನ್ನೂ ಪರ್ಸಿನಲ್ಲಿದೆ. ಒಂದು ಪ್ರಯೋಗ ಮಾತ್ರ ಯಾರೂ ಮಾಡಬೇಡಿ. ಎದೆ ಚಪ್ಪಟೆಯಾಗಲೆಂದು ಔಷಧಿ ಅಂಗಡಿಯ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ ಮೆಣಸು ಕೊಯ್ಯಲು ಬಿದಿರಿನ ಒಂಟಿ ಏಣಿ ಹತ್ತಿದೆ. ಮೈ ಬಿಸಿಯಾದಂತೆ ಅದು ಇನ್ನೂ ಬಿಗಿಯಿತು. ಹದಿನೈದು ಅಡಿ ಮೇಲೆ ಉಸಿರು ಸಿಗಲಿಲ್ಲ, ಕಣ್ಣು ಕತ್ತಲಿಟ್ಟಿತು, ಮರವನ್ನು ಅಪ್ಪಿಕೊಂಡು ನಿಂತೆ. ಪಕ್ಕೆ ಎರಡು ವಾರ ನೋಯಿತು. ಮೇಡಂ ಬೈಯಲಿಲ್ಲ. ಆ ಬ್ಯಾಂಡೇಜ್ ಇದಕ್ಕಲ್ಲ, ಪಕ್ಕೆಲುಬಿಗೆ ಪೆಟ್ಟು ಎಂದು ತಿಳಿಸಿ, ಅದರ ಬದಲು ಏನು ಮಾಡಬಹುದೆಂದು ವೈದ್ಯರೊಬ್ಬರ ಹತ್ತಿರ ಕೇಳಿಸಿದರು. ಈಗ ಬಿಗಿ ಬನಿಯನ್ನಿನ ಮೇಲೆ ದೊಗಲೆ ಅಂಗಿ, ಏಣಿ ಹತ್ತುವಾಗ ಅದೂ ಸಡಿಲವಾದದ್ದು.

ಅವ್ವನಿಗೆ ನಾನೇ ಹೇಳಿದೆ, ಒಂದು ವರ್ಷ ಕಳೆದ ಮೇಲೆ, ಮೇಡಂ ಜೊತೆ ಆ ಮಾತುಗಳನ್ನು ನಾಲ್ಕು ಸಲ ಆಡಿ ನೋಡಿಕೊಂಡು. ಅವಳು ಪೂರ್ತಿ ಕೇಳಿದಳು, ಏನೂ ಹೇಳದೆ ಒಲೆ ಊದಲು ಹೋದಳು. ಕೆಲವು ತಿಂಗಳು ಆ ವಿಷಯ ಏಳಲೇ ಇಲ್ಲ.

ಕಳೆದ ಹುತ್ತರಿಯ ರಾತ್ರಿ ಎಲ್ಲರೂ ಗದ್ದೆಗೆ ಹೊರಟು ಅಂಗಳದಲ್ಲಿ ಸೇರಿದ್ದೆವು. ಅಣ್ಣ ಕೋವಿ ಒರೆಸುತ್ತಿದ್ದ. ದೀಪದ ತಟ್ಟೆ ಅವ್ವನ ಕೈಯಲ್ಲಿತ್ತು, ಅದು ಪ್ರತಿ ವರ್ಷ ನನ್ನ ಕೈಗೆ ಬರುವಂಥದ್ದು. ಅವಳು ನನ್ನ ಹತ್ತಿರ ಬಂದು, ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು:

"ಈ ಸಲ ದೀಪ ಹಿಡಿಯುತ್ತೀಯಾ, ಕತ್ತಿ ಹಿಡಿಯುತ್ತೀಯಾ?"

"ಗೊತ್ತಿಲ್ಲ ಅವ್ವ."

"ಸರಿ ಹಾಗಾದರೆ. ದೀಪ ನಾನೇ ಹಿಡಿಯುತ್ತೇನೆ. ನೀನು ನನ್ನ ಪಕ್ಕ ನಡೆ, ಕತ್ತಲಲ್ಲಿ ನನ್ನ ಮಂಡಿ ನಿಲ್ಲುವುದಿಲ್ಲ."

ಗದ್ದೆಯವರೆಗೂ ಅವಳ ತೋಳು ಹಿಡಿದುಕೊಂಡು ನಡೆದೆ.