ಗೋಡೆಯೊಳಗೆ ಹವಳದ ತೊಟ್ಟಿ: ಮೊದಲು ಹಿಂದಿನ ಕೋಣೆ ಕಟ್ಟಿ

ಹಾಲ್‌ನ ಗೋಡೆಯಲ್ಲಿ ಎಂಟು ಅಡಿ ಗಾಜು, ಅದರ ಹಿಂದೆ ನೀಲಿ ಬೆಳಕು, ಅಲ್ಲಾಡುವ ಹವಳ, ಓಡಾಡುವ ಬಣ್ಣದ ಮೀನು. ಕಾರವಾರ, ಅಂಕೋಲಾ, ಕುಮಟಾ ಕಡೆ ಹೊಸ ಮನೆ ಕಟ್ಟುವವರಿಗೆ ಇಂಥ ಫೋಟೋ ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಫೋಟೋದಲ್ಲಿ ಗಾಜು ಮಾತ್ರ ಕಾಣುತ್ತದೆ. ಪೈಪು, ಪಂಪು, ಉಪ್ಪಿನ ಡ್ರಮ್ಮು, ನೀರು ತಂಪು ಮಾಡುವ ಚಿಲ್ಲರ್ ಎಲ್ಲ ಹಿಂದೆ ಇರುತ್ತವೆ. ನನ್ನ ಪ್ರಕಾರ ಈ ಉಪ್ಪುನೀರಿನ ಹವಳದ ಅಕ್ವೇರಿಯಂ ಅಂದರೆ ಒಂದು ಸಣ್ಣ ಪಂಪ್‌ಹೌಸ್ ಕಟ್ಟಿ ಅದಕ್ಕೊಂದು ಗಾಜಿನ ಕಿಟಕಿ ಇಡುವ ಕೆಲಸ. ಹಿಂದಿನ ಕೋಣೆಗೆ ಜಾಗ ಇಲ್ಲ ಅಂದರೆ ಈ ಆಸೆಯನ್ನು ಇಲ್ಲಿಗೇ ಬಿಡಿ, ಒಂದು ಚೆಂದದ ಸಿಹಿನೀರಿನ ಅಕ್ವೇರಿಯಂ ಇಡಿ. ಜಾಗ ಇದೆ ಅನ್ನುವವರು ಮನೆಯ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಮುಂದಿನದು ಓದಿ.

ತೂಕ ಎಷ್ಟು?

ಲೆಕ್ಕಕ್ಕೆ ಒಂದು ಅಳತೆ ಹಿಡಿಯೋಣ. ಉದ್ದ 240 ಸೆಂ.ಮೀ., ಅಗಲ 75, ಎತ್ತರ 70. ಅಂಚಿನವರೆಗೆ ತುಂಬಿದರೆ 1,260 ಲೀಟರ್. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ನೀರೇ 1,290 ಕೆ.ಜಿ. ಈ ಎತ್ತರಕ್ಕೆ 19 ಮಿ.ಮೀ. ಗಾಜು ಬೇಕು, ಅದು ಹತ್ತಿರ ಹತ್ತಿರ 300 ಕೆ.ಜಿ. ಕಲ್ಲು, ಮರಳು ಸೇರಿಸಿದರೆ ಒಟ್ಟು 1.8 ಟನ್ ಆಸುಪಾಸು.

ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಹೊರುವಂತೆ ಲೆಕ್ಕ ಹಾಕಿರುತ್ತಾರೆ. ನಮ್ಮ ತೊಟ್ಟಿ ನಿಲ್ಲುವ ಜಾಗದಲ್ಲಿ ಚದರ ಮೀಟರಿಗೆ ಒಂದು ಟನ್ ಬೀಳುತ್ತದೆ. ಆದ್ದರಿಂದ ನೆಲಮಹಡಿಯೇ ಸರಿ, ಅದೂ ಕೆಳಗೆ ಗಟ್ಟಿ ಮಣ್ಣು ನೋಡಿ ಕಾಂಕ್ರೀಟ್ ಹಾಸು ಹಾಕಿದ ಮೇಲೆ. ಮಹಡಿ ಮೇಲೇ ಬೇಕು ಅನ್ನುವವರು ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಬೇಕು.

ನಮ್ಮ ಕಡೆ ಗೋಡೆ ಹೆಚ್ಚಾಗಿ ಚಿರೇಕಲ್ಲಿನದು, ಮಾಡಿನ ಭಾರ ಹೊರುವಂಥದ್ದು. ಅದರಲ್ಲಿ ಎಂಟು ಅಡಿ ಬಾಯಿ ತೆಗೆಯುವುದಾದರೆ ಮೇಲೆ ಆರ್‌ಸಿಸಿ ಬೀಮ್ ಬರಲೇಬೇಕು. ತೊಟ್ಟಿ ಗೋಡೆಗೆ ತಾಗಬಾರದು, ಗೋಡೆಯೂ ತೊಟ್ಟಿಯ ಮೇಲೆ ಕೂರಬಾರದು. ತೊಟ್ಟಿ ತನ್ನದೇ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ, ಸುತ್ತ ಒಂದು ಬೆರಳಿನಷ್ಟು ಸಂದು ಬಿಟ್ಟು ಹಾಲ್ ಕಡೆಯಿಂದ ಬಿಚ್ಚಿ ಹಾಕುವಂಥ ಪಟ್ಟಿ ಮುಚ್ಚಿದರೆ ಸಾಕು. ಪಟ್ಟಿಗೆ ಪ್ಲೈವುಡ್ ಬೇಡ, ಎರಡು ಮಳೆಗಾಲದಲ್ಲಿ ಉಬ್ಬುತ್ತದೆ.

ಸ್ಟ್ಯಾಂಡನ್ನು ಕಬ್ಬಿಣದಲ್ಲಿ ಮಾಡಿಸಿ ಪೇಂಟ್ ಹೊಡೆಯೋಣ ಅಂತ ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ಕಬ್ಬಿಣದ ಸಾಮಾನಿನ ಗತಿ ಏನಾಗುತ್ತದೆ ಅಂತ ಗೊತ್ತಿರುವವರು ಒಪ್ಪುವುದಿಲ್ಲ. ಕಾಂಕ್ರೀಟ್ ಬ್ಲಾಕಿನ ಕಂಬ, ಅದರ ಮೇಲೆ ದಪ್ಪ ಗ್ರಾನೈಟ್ ಹಾಸು, ನಡುವೆ ಸಂಪ್ (ನೀರು ಸೋಸುವ ಕೆಳಗಿನ ಟ್ಯಾಂಕ್) ಇಡಲು ಜಾಗ: ಇದು ತುಕ್ಕು ಹಿಡಿಯುವುದಿಲ್ಲ, ಅಲ್ಲಾಡುವುದೂ ಇಲ್ಲ. ಹಾಸು ನೆಲದಿಂದ ಮೂರು ಅಡಿ ಎತ್ತರದಲ್ಲಿದ್ದರೆ ಸೋಫಾದಲ್ಲಿ ಕೂತವರಿಗೂ ನಿಂತವರಿಗೂ ಚೆನ್ನಾಗಿ ಕಾಣುತ್ತದೆ. ಲೆವೆಲ್ ಪೈಪ್ ಹಿಡಿದು ನಾಲ್ಕು ಮೂಲೆ ನೋಡಿ, ಮೇಲೆ ಥರ್ಮೋಕೋಲ್ ಹಾಳೆ ಹಾಸಿ.

ಹಿಂದಿನ ಕೋಣೆ

ಎಲ್ಲಕ್ಕಿಂತ ಜಾಸ್ತಿ ತಲೆ ಓಡಿಸಬೇಕಾದ್ದು ಇಲ್ಲಿ. ಒಳ ಅಳತೆ 10 ಅಡಿ ಉದ್ದ, 8 ಅಡಿ ಅಗಲ ಇರಲಿ. ತೊಟ್ಟಿಗೆ ಎರಡೂವರೆ ಅಡಿ ಹೋದರೆ ಓಡಾಡಲು ಮೂರು ಅಡಿ, ಎದುರಿನ ಗೋಡೆಗೆ ಡ್ರಮ್ಮು ಮತ್ತು ಶೆಲ್ಫ್‌ಗೆ ಎರಡು ಅಡಿ ಉಳಿಯುತ್ತದೆ. ತೊಟ್ಟಿಯ ಮೇಲೆ ಕನಿಷ್ಠ ಎರಡು ಅಡಿ ಖಾಲಿ ಬೇಕು. ಕೈ ಹಾಕಿ ತಳದ ಕಲ್ಲು ಮುಟ್ಟಲು ಆಗದಿದ್ದರೆ ಆ ತೊಟ್ಟಿಯನ್ನು ಯಾರೂ ಸ್ವಚ್ಛ ಮಾಡುವುದಿಲ್ಲ, ಅಲ್ವಾ? ನಿಲ್ಲಲು ಒಂದು ಗಟ್ಟಿ ಮೆಟ್ಟಿಲು ಕಟ್ಟಿಸಿಬಿಡಿ.

ನೆಲಕ್ಕೆ ಟೈಲ್ಸ್, ಅದಕ್ಕೆ ಇಳಿಜಾರು, ಮೂಲೆಯಲ್ಲಿ ನೀರು ಹೋಗುವ ಜಾಲಿ. ಬಾಗಿಲಿನ ಬಳಿ ಎರಡು ಇಂಚಿನ ಹೊಸ್ತಿಲು ಇದ್ದರೆ ಪೈಪ್ ಬಿಚ್ಚಿಹೋದ ದಿನ ಹಾಲ್ ಉಳಿಯುತ್ತದೆ. ಇನ್ನೊಂದು ಮಾತು, ಇದನ್ನು ಪ್ಲಂಬರ್ ತಾನಾಗಿ ಕೇಳುವುದಿಲ್ಲ: ಆ ಜಾಲಿಯ ನೀರು ಎಲ್ಲಿಗೆ ಹೋಗುತ್ತದೆ? ಅದು ಉಪ್ಪುನೀರು. ಬಾವಿಯ ಹತ್ತಿರದ ಇಂಗುಗುಂಡಿಗೆ ಬಿಟ್ಟರೆ ಕುಡಿಯುವ ನೀರು ಕೆಡುತ್ತದೆ, ತೋಟಕ್ಕೆ ಬಿಟ್ಟರೆ ಅಡಿಕೆ ಗಿಡ ಹೋಗುತ್ತದೆ. ಬಾವಿಯಿಂದ ದೂರ, ಇಳಿಜಾರಿನ ಕೆಳಗಡೆಗೆ ಒಯ್ಯಿರಿ.

ಗಾಳಿಯ ವಿಷಯಕ್ಕೆ ಬರೋಣ. ಇಷ್ಟು ದೊಡ್ಡ ತೊಟ್ಟಿಯಿಂದ ದಿನಕ್ಕೆ 10ರಿಂದ 15 ಲೀಟರ್ ನೀರು ಆವಿಯಾಗುತ್ತದೆ. ಕೋಣೆ ಮುಚ್ಚಿದ್ದರೆ ಆ ನೀರೆಲ್ಲ ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ, ಸ್ವಿಚ್‌ಬೋರ್ಡ್ ಒಳಗೆ ಹಸಿರು ಕಿಲುಬು ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು. ಅದನ್ನು ಪಶ್ಚಿಮಕ್ಕೆ ಇಡಬೇಡಿ, ಜೂನ್-ಜುಲೈ ತಿಂಗಳ ಮಳೆ ಆ ಕಡೆಯಿಂದಲೇ ಹೊಡೆಯುವುದು. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ಒದ್ದೆ ಇರುವಾಗ ಫ್ಯಾನಿನಿಂದ ಪೂರ್ತಿ ಕೆಲಸ ಆಗುವುದಿಲ್ಲ, ಹಾಗಾಗಿ ಗಾಳಿಯ ತೇವ ಹೀರುವ ಒಂದು ಡಿಹ್ಯೂಮಿಡಿಫೈಯರ್‌ಗೂ ಪಾಯಿಂಟ್ ಬಿಡಿಸಿ.

ಒಳನಾಡಿನವರ ವಿಡಿಯೋ ನೋಡಿ ಮೋಸ ಹೋಗುವುದು ತಂಪಿನ ವಿಷಯದಲ್ಲೇ. ಹವಳದ ತೊಟ್ಟಿಯ ನೀರು 25ರಿಂದ 27 ಡಿಗ್ರಿ ಇರಬೇಕು, 30 ದಾಟಿ ನಿಂತರೆ ಹವಳ ಬಿಳಿಚಿಕೊಳ್ಳುತ್ತದೆ. ಒಣ ಹವೆಯ ಊರುಗಳಲ್ಲಿ ನೀರಿನ ಮೇಲೆ ಸುಮ್ನೆ ಎರಡು ಸಣ್ಣ ಫ್ಯಾನ್ ತಿರುಗಿಸಿದರೆ ಆವಿಯ ಜೊತೆ ಶಾಖ ಹೋಗಿ ನೀರು ತಣ್ಣಗಾಗುತ್ತದೆ. ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಗಾಳಿ ಮೊದಲೇ ತೇವ ಕುಡಿದು ಕೂತಿರುತ್ತದೆ, ನೀರು ತಣ್ಣಗಾಗುವಷ್ಟು ಆವಿ ಏಳುವುದಿಲ್ಲ. ಚಿಲ್ಲರ್ ತಪ್ಪಿದ್ದಲ್ಲ. ಆದರೆ ಚಿಲ್ಲರ್ ನೀರಿನಿಂದ ತೆಗೆದ ಬಿಸಿಯನ್ನು ತನ್ನ ಸುತ್ತಲೇ ಉಗುಳುತ್ತದೆ. ಅದನ್ನು ಅದೇ ಕೋಣೆಯಲ್ಲಿಟ್ಟರೆ ಕೋಣೆ ಕಾದು, ಕೋಣೆಯಿಂದ ನೀರು ಕಾದು, ಚಿಲ್ಲರ್ ನಿಲ್ಲದೆ ಓಡುತ್ತಲೇ ಇರುತ್ತದೆ. ಗೋಡೆಯಾಚೆ, ಮಳೆ ಬೀಳದ ಮಾಡಿನ ಕೆಳಗೆ ಇಟ್ಟು, ಎರಡು ಪೈಪ್ ಮಾತ್ರ ಒಳಗೆ ತನ್ನಿ.

ಗಾಜು ಮತ್ತು ಪೈಪು

ಗಾಜನ್ನು ಹುಬ್ಬಳ್ಳಿ, ಗೋವಾ ಅಥವಾ ಬೆಂಗಳೂರಿನಿಂದ ತರಿಸಿ ಜಾಗದಲ್ಲೇ ಅಂಟಿಸುವುದು ಸುಲಭ. ಕಟ್ಟಿದ ತೊಟ್ಟಿ ಬಾಗಿಲಲ್ಲಿ ಬರುವುದಿಲ್ಲ. ಮುಂದಿನ ಒಂದು ಗಾಜು ಲೋ-ಐರನ್ ಇರಲಿ, ಹಸಿರು ಛಾಯೆ ಕಡಿಮೆ. ಉಳಿದದ್ದು ಯಾರಿಗೂ ಕಾಣುವುದಿಲ್ಲ, ಅಲ್ಲಿ ದುಡ್ಡು ಉಳಿಸಿ. ಪೈಪಿನ ತೂತುಗಳನ್ನು ಅಂಟಿಸುವ ಮೊದಲೇ ಕೊರೆಸಬೇಕು. ಟಫನ್ ಮಾಡಿದ (ಕಾಯಿಸಿ ಗಟ್ಟಿ ಮಾಡಿದ) ಗಾಜಿಗೆ ತೂತು ಹಾಕಲು ಬರುವುದಿಲ್ಲ, ಪುಡಿಯಾಗುತ್ತದೆ. ಅಕ್ವೇರಿಯಂ ಸಿಲಿಕೋನ್ ಮಾತ್ರ ಬಳಸಿ, ಬಾತ್‌ರೂಮಿನ ಬೂಷ್ಟು ತಡೆಯುವ ಸಿಲಿಕೋನ್ ಮೀನಿಗೆ ವಿಷ.

ನೀರಿನ ಸುತ್ತು ಹೀಗೆ. ತೊಟ್ಟಿಯ ಮೇಲಂಚಿನಿಂದ ನೀರು ಕೆಳಗಿನ ಸಂಪಿಗೆ ಇಳಿಯುತ್ತದೆ. ಅಲ್ಲಿ ಕಸ ಹಿಡಿಯುವ ಸಾಕ್ಸ್, ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೊಟೀನ್ ಸ್ಕಿಮ್ಮರ್, ಹೀಟರ್, ಪಾಚಿ ಬೆಳೆಸುವ ಒಂದು ಭಾಗ. ಕೊನೆಗೆ ರಿಟರ್ನ್ ಪಂಪ್ ನೀರನ್ನು ಮೇಲೆ ಕಳಿಸುತ್ತದೆ. ಇಳಿಯುವುದಕ್ಕೆ ಮೂರು ಪೈಪ್ ಹಾಕಿ: ಒಂದು ತುಂಬಿ ಹರಿಯುವುದು, ಇನ್ನೊಂದರಲ್ಲಿ ಸಣ್ಣಗೆ ಹರಿಯುವುದು, ಮೂರನೆಯದು ಒಣಗಿಯೇ ಇದ್ದು ಮೊದಲ ಎರಡು ಕಟ್ಟಿಕೊಂಡ ದಿನ ಮನೆ ಕಾಯುವುದು. ಒಂದೇ ಪೈಪ್ ಸಾಕು ಅನ್ನುವವರ ಮಾತು ಕೇಳಬೇಡಿ. ಒಂದು ಬಸವನಹುಳು ಬಾಯಿಗೆ ಸಿಕ್ಕಿಕೊಂಡರೆ ಸಾಕು.

ಸಂಪ್ 350 ಲೀಟರಿನದ್ದಾದರೂ ಓಡುವಾಗ ಮುಕ್ಕಾಲು ತುಂಬಿದ್ದರೆ ಸಾಕು. ಕರೆಂಟ್ ಹೋದಾಗ ಪೈಪಿನಲ್ಲಿದ್ದ ನೀರು, ಮೇಲಂಚಿನ ನೀರು ಎಲ್ಲ ಕೆಳಗೆ ಬರುತ್ತದೆ. ಅದಕ್ಕೆ ಜಾಗ ಉಳಿದಿದೆಯೋ ಅಂತ ಪಂಪ್ ಆಫ್ ಮಾಡಿ ನೋಡಿ. ಪೈಪ್ ಎಲ್ಲ ಯುಪಿವಿಸಿ. ಹಿತ್ತಾಳೆ ವಾಲ್ವ್, ತಾಮ್ರ, ಜಿಐ ಯಾವುದೂ ನೀರಿಗೆ ತಾಗಬಾರದು. ತಾಮ್ರ ಚೂರು ಕರಗಿದರೂ ಸೀಗಡಿ, ಹವಳ ಸಾಯುತ್ತವೆ. ಪ್ರತಿ ಪಂಪಿನ ಎರಡೂ ಕಡೆ ಯೂನಿಯನ್ (ತಿರುಗಿಸಿ ಬಿಚ್ಚುವ ಜೋಡಣೆ) ಹಾಕಿಸಿ, ಬಿಚ್ಚಿ ತೊಳೆಯಲು.

ಕರೆಂಟಿನ ಬೋರ್ಡು ಸಂಪಿನ ಮೇಲೆ ಬರಲೇಬಾರದು, ಎದುರಿನ ಗೋಡೆಗೆ ಎತ್ತರದಲ್ಲಿರಲಿ. ಕರೆಂಟ್ ಸೋರಿದರೆ ತಕ್ಷಣ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕದೆ ಆ ನೀರಿಗೆ ಕೈ ಹಾಕಬೇಡಿ. ಉಪ್ಪುನೀರು, ಒದ್ದೆ ನೆಲ, ಬರಿಗಾಲು ಮೂರೂ ಸೇರಿದ ಜಾಗ ಅದು. ಗಾಳಿಮಳೆಗೆ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಗಂಟೆಗಟ್ಟಲೆ ಬರುವುದಿಲ್ಲ ಅಂತ ನಮಗೆಲ್ಲ ಗೊತ್ತು. ನೀರು ಅಲ್ಲಾಡದೆ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಇಳಿಯುತ್ತದೆ. ಮನೆಯ ಇನ್ವರ್ಟರಿಗೆ ಇಡೀ ತೊಟ್ಟಿ ಹೊರಿಸಬೇಡಿ. ತೊಟ್ಟಿಗೇ ಒಂದು ಇನ್ವರ್ಟರ್ ಇಟ್ಟು, 30 ವಾಟಿನ ಒಂದು ಅಲೆ ಪಂಪ್ ಮಾತ್ರ ಅದಕ್ಕೆ ಸೇರಿಸಿದರೆ, 150 ಎಎಚ್ ಬ್ಯಾಟರಿಯಲ್ಲಿ ಒಂದು ದಿನ ಆರಾಮಾಗಿ ಓಡುತ್ತದೆ.

ತೊಟ್ಟಿಗೆ ಸಿಹಿನೀರು ತುಂಬಿ ಒಂದು ವಾರ ಸೋರುತ್ತದೋ ನೋಡಿ. ಆಮೇಲೆ ಹಾಲ್ ಕಡೆಯ ಪಟ್ಟಿ ಹೊಡೆಯಿರಿ. ಗೃಹಪ್ರವೇಶದ ದಿನ ಗೊತ್ತಾಗಿದೆ ಅಂತ ಅವಸರ ಮಾಡಬೇಡಿ.

ಸಮುದ್ರ ಪಕ್ಕದಲ್ಲೇ ಇದೆಯಲ್ಲ?

ಎಲ್ಲರೂ ಕೇಳುವ ಪ್ರಶ್ನೆ. ನೀರನ್ನು ಅಲ್ಲಿಂದಲೇ ತರಬಹುದಲ್ಲ? ಜನವರಿಯಿಂದ ಮಾರ್ಚ್‌ವರೆಗೆ, ದೋಣಿಯಲ್ಲಿ ದಂಡೆಯಿಂದ ದೂರ ಹೋಗಿ ತಂದು, ಸೋಸಿ, ಕತ್ತಲಲ್ಲಿ ಇಟ್ಟು ಬಳಸುವವರು ಇದ್ದಾರೆ. ಮಳೆ ಶುರುವಾದ ಮೇಲೆ ಕಾಳಿ ನದಿ ಕೆಂಪು ನೀರು ತಂದು ಕಾರವಾರದ ಕೋಡಿಬಾಗದ ಹತ್ತಿರ ಸುರಿಯುತ್ತದೆ, ಹೊನ್ನಾವರದಲ್ಲಿ ಶರಾವತಿ ಅದನ್ನೇ ಮಾಡುತ್ತದೆ. ಆಗ ದಂಡೆಯ ನೀರಿನ ಉಪ್ಪು ತುಂಬಾ ಇಳಿದುಹೋಗುತ್ತದೆ. ಹವಳಕ್ಕೆ ಲೀಟರಿಗೆ 35 ಗ್ರಾಂ ಉಪ್ಪಿನಂಶ ವರ್ಷವಿಡೀ ಒಂದೇ ಸಮ ಬೇಕು. ಹಾಗಾಗಿ ಆರ್‌ಒ-ಡಿಐ (ಸೋಸಿ ಲವಣವೆಲ್ಲ ತೆಗೆದ) ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುವುದೇ ನೆಮ್ಮದಿ. ಮೊದಲ ಸಲ ತುಂಬಲು 50 ಕೆ.ಜಿ.ಗಿಂತ ಜಾಸ್ತಿ ಉಪ್ಪು ಬೇಕು. ಚೀಲ ಒಡೆದರೆ ಮಳೆಗಾಲದಲ್ಲಿ ಕಲ್ಲಾಗುತ್ತದೆ, ಬಿಗಿ ಮುಚ್ಚಳದ ಡ್ರಮ್ಮಿಗೆ ಸುರಿಯಿರಿ. ಹಿಂದಿನ ಕೋಣೆಯಲ್ಲಿ 500 ಲೀಟರಿನ ಎರಡು ಟ್ಯಾಂಕ್: ಒಂದರಲ್ಲಿ ಶುದ್ಧ ನೀರು, ಒಂದರಲ್ಲಿ ಉಪ್ಪು ಬೆರೆಸಿದ್ದು. ಆವಿಯಾದದ್ದಕ್ಕೆ ಶುದ್ಧ ನೀರು ಮಾತ್ರ ಸೇರಿಸಿ, ಉಪ್ಪು ಆವಿಯಾಗುವುದಿಲ್ಲ.

ಹವಳವನ್ನಂತೂ ಅಲ್ಲಿಂದ ತರುವ ಮಾತೇ ಇಲ್ಲ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಡೈವಿಂಗ್ ಮಾಡಿ ಕಣ್ತುಂಬ ನೋಡಿ ಬನ್ನಿ. ಕಲ್ಲಿನಂತೆ ಗಟ್ಟಿಯಾಗುವ ಹವಳ, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ, ಸಮುದ್ರ ಸೌತೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಅಂಗಡಿಯವರು ಗಟ್ಟಿ ಹವಳ ತೋರಿಸಿದರೆ ಕಾಗದಪತ್ರ ಕೇಳಿ, ಅನುಮಾನ ಇದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ನನ್ನ ಸಲಹೆ ಕೇಳಿದರೆ, ಮೆದು ಹವಳದ ತೊಟ್ಟಿ ಮಾಡಿ. ಲೆದರ್, ಮಶ್ರೂಮ್, ಜೋಆಂಥಿಡ್ ಅನ್ನುವ ಬಗೆಗಳು ಸಾಕು, ನೋಡಲೂ ಅವೇ ಜಾಸ್ತಿ ಅಲ್ಲಾಡುವುದು. ಅವಕ್ಕೆ ಕ್ಯಾಲ್ಸಿಯಂ ರಿಯಾಕ್ಟರ್ (ನೀರಿಗೆ ಕ್ಯಾಲ್ಸಿಯಂ ಸೇರಿಸುವ ಯಂತ್ರ) ಬೇಡ, ಬೆಳಕೂ ಕಡಿಮೆ ಸಾಕು, ಚಿಲ್ಲರ್ ಖರ್ಚೂ ಇಳಿಯುತ್ತದೆ. ಜೋಆಂಥಿಡ್ ಮುಟ್ಟುವಾಗ ಕೈಗವಸು ಹಾಕಿ, ಕೆಲವು ಜಾತಿಯಲ್ಲಿ ಪಾಲಿಟಾಕ್ಸಿನ್ ಅನ್ನುವ ಕೆಟ್ಟ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಯಾವತ್ತೂ ಬಿಸಿನೀರಲ್ಲಿ ಕುದಿಸಬೇಡಿ.

ಹವಳ, ಮೀನು ತಂದು ಬಿಡುವುದು

ಒಣ ಕಲ್ಲು ಜೋಡಿಸಿ ಉಪ್ಪುನೀರು ತುಂಬಿದ ಮೇಲೆ ತಿಂಗಳು, ಒಂದೂವರೆ ತಿಂಗಳು ಮೀನಿಲ್ಲದೆ ಓಡಿಸಬೇಕು. ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಲು ಅಷ್ಟು ಹೊತ್ತು ಹಿಡಿಯುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಬಸವನಹುಳು, ಸೀಗಡಿ, ಆಮೇಲೆ ಒಂದೆರಡು ಮೆದು ಹವಳ, ಕೊನೆಗೆ ಮೀನು. ಕ್ಲೌನ್ ಮೀನನ್ನು ಸಾಕಣೆ ಕೇಂದ್ರಗಳಲ್ಲೇ ಮರಿ ಮಾಡುತ್ತಾರೆ, ಅಂಥದ್ದನ್ನೇ ಕೊಳ್ಳಿ. ಕಡಲಿನಿಂದ ಹಿಡಿದ ಮೀನಿಗಿಂತ ಚೆನ್ನಾಗಿ ತಿನ್ನುತ್ತದೆ. ಹೊಸ ಮೀನು ಹಿಂದಿನ ಕೋಣೆಯ ಸಣ್ಣ ತೊಟ್ಟಿಯಲ್ಲಿ ನಾಲ್ಕು ವಾರ ಇರಲಿ. ಬಿಳಿ ಚುಕ್ಕೆ ರೋಗ ಬಂದರೆ ಔಷಧಿ ಅಲ್ಲೇ ಹಾಕಬಹುದು. ದೊಡ್ಡ ತೊಟ್ಟಿಗೆ ತಾಮ್ರದ ಔಷಧಿ ಹಾಕಿದರೆ ಹವಳದ ಕಥೆ ಮುಗಿಯಿತು.

ಆಮೇಲೆ ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ಬದಲಿಸಿ, ಅಂದರೆ ಸುಮಾರು 140 ಲೀಟರ್. ವಾಲ್ವ್ ತಿರುಗಿಸಿದರೆ ಹಳೆಯದು ಜಾಲಿಗೆ, ಸ್ವಿಚ್ ಒತ್ತಿದರೆ ಹೊಸದು ಸಂಪಿಗೆ. ಹಾಲ್‌ಗೆ ಒಂದು ಹನಿಯೂ ಬೀಳುವುದಿಲ್ಲ, ಬಕೆಟ್ ಹೊರುವ ಕೆಲಸವೂ ಇಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆಗೋ ಮದುವೆಗೋ ನಾಲ್ಕು ದಿನ ಹೋಗುವಾಗ ಪಕ್ಕದ ಮನೆಯವರಿಗೆ ಕೀಲಿ ಕೊಡುತ್ತೀರಿ ತಾನೆ? ಮೀನಿನ ಆಹಾರದ ಡಬ್ಬಿ ಮಾತ್ರ ಕೊಡಬೇಡಿ, ಪ್ರೀತಿಯಿಂದ ಮುಷ್ಟಿ ಮುಷ್ಟಿ ಹಾಕಿ ನೀರು ಕೆಡಿಸುತ್ತಾರೆ. ದಿನಕ್ಕೊಂದು ಪೊಟ್ಟಣ ಕಟ್ಟಿಡಿ. ಯಾವ ಸ್ವಿಚ್ ಮುಟ್ಟಬಾರದು ಅಂತ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.